ಸಾವಿರ ಮೈಲಿ ಮುಗಿದ ಮೇಲೆ

"ಚೇಟ್ಟಾ, ಒನ್ನು ತಳ್ಳಣೇ! ಚೇಚಿ, ನಿಂಗಳೂ... ಒನ್ನು ತಳ್ಳಣೇ!"

ಎಡಪ್ಪಳ್ಳಿ ಜಂಕ್ಷನ್ನಿನ ನಟ್ಟನಡುವೆ ಒಂದು ಹಳೆಯ ಮಿಲಿಟರಿ ಟ್ರಕ್ಕು ಕೆಟ್ಟು ನಿಂತಿತ್ತು. ಅದರ ಹಿಂದೆ ಎರ್ಣಾಕುಳಂ ಬಸ್ಸು, ಅದರ ಹಿಂದೆ ಇನ್ನೆರಡು ಬಸ್ಸು. ಟ್ರಕ್ಕಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಅಣ್ಣಾ, ಅಕ್ಕಾ, ಒಮ್ಮೆ ತಳ್ಳಿ ಎಂದು ಬೇಡಿಕೊಳ್ಳುತ್ತಿದ್ದವನ ಹರಕು ಮಲಯಾಳ ಕೇಳಿ ಬಸ್ಸಿನಲ್ಲಿದ್ದವರೆಲ್ಲ ನಗುತ್ತಿದ್ದರು.

ರಾಜೀವಿಗೆ ಮಾತ್ರ ನಗು ಬರಲಿಲ್ಲ. ಹತ್ತು ಗಂಟೆಗೆ ಬ್ಯಾಂಕಿನ ಕೌಂಟರಿನಲ್ಲಿ ಕೂರಬೇಕು. ಇವತ್ತೇ ಇನ್ಸ್‌ಪೆಕ್ಷನ್. ಉಟ್ಟದ್ದು ಹೊಸ ಬಿಳಿ ಸೀರೆ!

ಬೇರೆ ದಾರಿ ಕಾಣದೆ ಬಸ್ಸಿನಿಂದ ಇಳಿದು, ಆರೇಳು ಜನರ ಜೊತೆ ತಾನೂ ಟ್ರಕ್ಕಿಗೆ ಕೈ ಕೊಟ್ಟಳು. ಒಂದು... ಎರಡು... ಮೂರು! ಟ್ರಕ್ಕು ಕೆಮ್ಮಿತು, ನಡುಗಿತು, ಹೊರಟೇಬಿಟ್ಟಿತು. ಹೊರಡುವಾಗ ಹೊಟ್ಟೆಯಲ್ಲಿದ್ದ ಕಪ್ಪು ಹೊಗೆಯನ್ನೆಲ್ಲ ಸರಿಯಾಗಿ ರಾಜೀವಿಯ ಮೇಲೆ ಉಗುಳಿತು.

ಚಾಲಕ ಗಾಡಿಯನ್ನು ಬದಿಗೆ ನಿಲ್ಲಿಸಿ ಓಡಿಬಂದ. ಅವಳನ್ನು ನೋಡಿದವನೇ ತಲೆ ಮೇಲೆ ಕೈ ಹೊತ್ತ.

"ಅಯ್ಯ ಶಿವನ! ಸೀರಿ ಪೂರಾ ಹಾಳಾತಲ್ಲೋ..."

"ಇದೆಂತ ಗಾಡಿಯಾ, ಸೌದೆ ಒಲೆಯಾ ಮಾರಾಯ್ರೆ?" ಸಿಟ್ಟಿನಲ್ಲಿ ರಾಜೀವಿಯ ಬಾಯಿಂದಲೂ ಕನ್ನಡವೇ ಬಂತು.

ಕನ್ನಡ ಕೇಳಿದ್ದೇ ಅವನ ಮುಖ ಅರಳಿತು.

"ನೀವು ಕನ್ನಡದಾರ ಏನ್ರೀ?"

"ಅದು ಆಮೇಲೆ. ಮೊದಲು ನನ್ನ ಸೀರೆ ನೋಡಿ!"

ನೋಡಿದ. ಆದರೆ ಅವನ ಕಣ್ಣು ಸೀರೆಯಲ್ಲಿ ನಿಲ್ಲದೆ, ಮಸಿ ಹಿಡಿದ ಮೂಗಿನ ಕೆಳಗೆ ಸಿಟ್ಟಿನಿಂದ ಅದುರುತ್ತಿದ್ದ ತುಟಿಗಳ ಮೇಲೆ ನಿಂತಿತು. ಅಲ್ಲಿಗೆ ಪಾಪದ ಹುಡುಗನ ಕಥೆ ಮುಗಿಯಿತು.

*

ಅವನ ಹೆಸರು ವೀರಭದ್ರ. ಗದಗದ ಕಡೆಯವನು, ತಿರುವನಂತಪುರದ ಹತ್ತಿರ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಟೆಕ್ನಿಷಿಯನ್. ದಿನವಿಡೀ ಆಕಾಶಕ್ಕೆ ಹಾರುವುದರ ಕೆಲಸ. ಮನಸ್ಸು ಮಾತ್ರ ನೆಲದ ಮೇಲೆ ಊರೂರು ಅಲೆಯುವುದರಲ್ಲಿ!

ಮಹಾಯುದ್ಧದ ಕಾಲದ ಆ ಟ್ರಕ್ಕನ್ನು ಸೈನ್ಯ ಹರಾಜಿಗೆ ಹಾಕಿದಾಗ ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ. ನಾಲ್ಕೂ ಚಕ್ರಗಳು ಎಳೆಯುವ ಗಾಡಿ. ಕೆಸರಾಗಲಿ, ಮರಳಾಗಲಿ, ಬೆಟ್ಟವಾಗಲಿ ಹತ್ತಿಬಿಡುತ್ತದೆ. ಅದನ್ನು ರಿಪೇರಿ ಮಾಡಿ, ಹಿಂಭಾಗವನ್ನು ಪುಟ್ಟ ಮನೆಯಾಗಿಸಿ, ಎರಡು ತಿಂಗಳ ರಜೆಯಲ್ಲಿ ಹಿಮಾಲಯದವರೆಗೆ ಓಡಿಸಬೇಕೆಂಬುದು ಅವನ ಕನಸು. ಅವತ್ತು ಅದನ್ನು ಕಳಮಶ್ಶೇರಿಯ ಜನಾರ್ದನ ಮೇಸ್ತ್ರಿಯ ವರ್ಕ್‌ಶಾಪಿಗೆ ಒಯ್ಯುತ್ತಿದ್ದ.

ರಾಜೀವಿ ಕುಂದಾಪುರದವಳು. ಬ್ಯಾಂಕಿನ ಕೆಲಸಕ್ಕೆಂದು ಬಂದು ಎಡಪ್ಪಳ್ಳಿಯಲ್ಲಿ ಚಿಕ್ಕಮ್ಮ ಕುಸುಮಾವತಿಯ ಮನೆಯಲ್ಲಿದ್ದಳು. ಮುಂದಿನ ಭಾನುವಾರವೇ, ಕನ್ನಡದವರ ಮನೆ ಯಾವುದೆಂದು ಜಂಕ್ಷನ್ನಿನಲ್ಲಿ ವಿಚಾರಿಸಿಕೊಂಡು, ಆ ಮನೆಯ ಬಾಗಿಲಲ್ಲಿ ವೀರಭದ್ರ ಹಾಜರಾದ. ಕೈಯಲ್ಲಿ ಒಂದು ಬಿಳಿ ಸೀರೆ!

"ಸೀರೆ ಎಲ್ಲ ಬೇಡ. ಪರಿಚಯ ಇಲ್ಲದವರಿಂದ ಸೀರೆ ತಕ್ಕೊಳ್ತಾರಾ?" ಎಂದಳು ರಾಜೀವಿ.

"ಹಂಗಾದ್ರ ಪರಿಚಯ ಮಾಡ್ಕೊಳ್ಳೂಣಲ್ರಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ಒಳಗಿನಿಂದಲೇ ಕಾಫಿಗೆ ನೀರಿಟ್ಟರು. ಸೀರೆ ಮಾತ್ರ ಅವನ ಜೊತೆ ವಾಪಸು ಹೋಯಿತು.

ಹೀಗೆ ಶುರುವಾಯಿತು. ಭಾನುವಾರ ಬಂತೆಂದರೆ ಚಿಕ್ಕಮ್ಮನ ಜೊತೆ ರಾಜೀವಿ ವರ್ಕ್‌ಶಾಪಿಗೆ ಹೋಗುವಳು. ಬಿಚ್ಚಿಟ್ಟ ಎಂಜಿನಿಗೆ ಮೇಸ್ತ್ರಿ ಹೊಸ ಪಿಸ್ಟನ್ ಕೂರಿಸುತ್ತಿದ್ದರೆ, ವೀರಭದ್ರ ಗುಜರಿಯಿಂದ ಆರಿಸಿ ತಂದ ಸ್ಪ್ರಿಂಗ್ ಪಟ್ಟಿಗಳ ತುಕ್ಕು ಕೆರೆಯುತ್ತಿದ್ದ.

"ಸ್ಟವ್ ಎಲ್ಲಿ ಇಡ್ತೀರಿ?" ಒಮ್ಮೆ ರಾಜೀವಿ ಕೇಳಿದಳು.

"ಒಳಗ, ಹಾಸಿಗಿ ಬಾಜೂಕ."

"ಹಾಸಿಗೆ ಪಕ್ಕ ಸೀಮೆಎಣ್ಣೆ ಸ್ಟವ್ವಾ? ಮಲಗಿದಲ್ಲೇ ಸುಟ್ಟು ಹೋಗ್ತೀರಿ!" ಅವಳು ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ನೆಲದ ಮೇಲೆ ಬರೆದಳು. "ಹಿಂದಿನ ಬಾಗಿಲನ್ನು ಕೆಳಗೆ ಇಳಿಯುವ ಹಾಗೆ ಮಾಡಿ. ಇಳಿಸಿದರೆ ಅದೇ ಅಡುಗೆಕಟ್ಟೆ. ಗಾಳಿಗೆ ಅಡ್ಡ ಎರಡು ತಗಡು. ಇಲ್ಲಿ ಅಕ್ಕಿ, ಇಲ್ಲಿ ಬೇಳೆ..."

ಅವನು ನೋಡುತ್ತಾ ನಿಂತ. ನೆಲದ ಮೇಲಿನ ಚಿತ್ರವನ್ನಲ್ಲ, ಬರೆಯುವವಳನ್ನು.

'ಈಕಿ ಇಲ್ಲದ ಈ ಗಾಡಿ ಎಲ್ಲಿಗೆ ಹೋದ್ರ ಏನು?' ಎಂದು ಅವನಿಗೆ ಮೊದಲ ಬಾರಿ ಅನಿಸಿದ್ದು ಆಗಲೇ. ಆದರೆ ಹೇಳಲು ಬಾಯಿ ಬರಬೇಕಲ್ಲ! ರಾಕೆಟ್ಟಿನ ಬುಡದಲ್ಲಿ ಹೆದರದೆ ನಿಲ್ಲುವ ಗಂಡಸು, ಇವಳ ಎದುರು ಬೆವರುತ್ತಿದ್ದ.

ಫೆಬ್ರವರಿಯ ನಡುವಿಗೆ ಎಂಜಿನ್ ಸಿದ್ಧವಾಗಿ ಟ್ರಕ್ಕು ತಿರುವನಂತಪುರಕ್ಕೆ ಹೋಯಿತು. ಮಾರ್ಚ್ ಬರುವಷ್ಟರಲ್ಲಿ ಮಂಚ, ನೀರಿನ ಡ್ರಮ್ಮು, ಟಾರ್ಪಾಲು ಎಲ್ಲ ಕೂತಾಗಿತ್ತು. ಇನ್ನು ಕಳಮಶ್ಶೇರಿಯಲ್ಲಿ ಅವನಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ.

ಆದರೂ ಬರುತ್ತಿದ್ದ! ಗಾಡಿ ತಿರುವನಂತಪುರಕ್ಕೆ ಹೋದಂದಿನಿಂದ ಪ್ರತಿ ಭಾನುವಾರ. ಆ ಟ್ರಕ್ಕನ್ನೇ ಓಡಿಸಿಕೊಂಡು, ಮೆಲ್ಲಗೆ, ಹೋಗಲು ಆರು ಗಂಟೆ, ಬರಲು ಆರು ಗಂಟೆ. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಅಕ್ಕಿಹಿಟ್ಟಿನ ಪುಟ್ಟು, ಕಡಲೆ ತಿಂದು, ಮೂರು ಮಾತಾಡಿ ಹೊರಟುಬಿಡುತ್ತಿದ್ದ.

'ಇಷ್ಟು ದೂರ... ನನಗಾಗಿ ಅಲ್ಲದೆ ಇನ್ಯಾರಿಗಾಗಿ?'

ರಾಜೀವಿ ಶನಿವಾರ ರಾತ್ರಿಯೇ ತಲೆಗೆ ಎಣ್ಣೆ ಹಚ್ಚಲು ಶುರು ಮಾಡಿದಳು. ಅವನ ಪ್ರಯಾಣಕ್ಕೆಂದು ಚಿಕ್ಕಮ್ಮನ ಹೊಲಿಗೆ ಮೆಷಿನ್ನಿನಲ್ಲಿ ಸೊಳ್ಳೆಪರದೆ ಹೊಲಿಯತೊಡಗಿದಳು. ಪ್ರೀತಿ ಎಂದು ಬಾಯಿಬಿಟ್ಟು ಹೇಳದಿದ್ದರೂ ಅದು ಪ್ರೀತಿಯೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಏಪ್ರಿಲ್ ಕೊನೆಯ ಭಾನುವಾರ. ರಾಜೀವಿ ಕಾಫಿ ಲೋಟ ಹಿಡಿದು ಬಾಗಿಲ ಪರದೆಯ ಹಿಂದೆ ಬಂದಾಗ ಜಗಲಿಯಲ್ಲಿ ಚಿಕ್ಕಮ್ಮ ಮಾತಾಡುತ್ತಿದ್ದರು.

"ನಮ್ಮ ರಾಜೀವಿಗೆ ಉಡುಪಿಗೆ ವರ್ಗ ಆಗುವ ಹಾಗೆ ಉಂಟು. ಒಪ್ಪಿಗೆ ಕೊಡಿ ಅಂತ ಬ್ಯಾಂಕಿನವರು ಕೇಳಿದ್ದಾರೆ. ಊರಲ್ಲಿ ಒಂದು ಗಂಡನ್ನೂ ನೋಡಿದ್ದಾರೆ, ಶಾಲೆ ಮಾಸ್ಟ್ರು. ಅದಕ್ಕೇ ಕೇಳ್ತೇನೆ, ಬೇಜಾರು ಮಾಡ್ಬೇಡಿ... ಇಷ್ಟು ದೂರದಿಂದ ವಾರ ವಾರ ನೀವು ಬರುವುದು ಯಾಕೆ?"

ರಾಜೀವಿ ಪರದೆಯ ಅಂಚಿಗೆ ಕಿವಿಯಿಟ್ಟಳು.

'ಹೇಳಿ... ಈಗಲಾದರೂ ಹೇಳಿಬಿಡಿ!'

"ಎಂಜಿನ್ ಪಳಗಸಾಕ್ರಿ," ಎಂದ ವೀರಭದ್ರ. ಧ್ವನಿ ಸಣ್ಣಗಿತ್ತು. "ಹೊಸಾ ಪಿಸ್ಟನ್ ಹಾಕಿದ ಮ್ಯಾಲ ಶುರುವಿಗೆ ಭಾಳ ಮೈಲಿ ಸಾವಕಾಶ ಓಡಿಸ್ಬೇಕ್ರಿ. ಇಲ್ಲಾಂದ್ರ ಕೆಡತೈತಿ. ಅದಕ್ಕ ಬರ್ತೀನಿ. ಮತ್ತ... ಬ್ಯಾರೆ ಏನಿಲ್ಲ."

ಬೇರೆ ಏನಿಲ್ಲ!

ರಾಜೀವಿ ಲೋಟವನ್ನು ಅಲ್ಲೇ ಸ್ಟೂಲಿನ ಮೇಲಿಟ್ಟು ಅಡುಗೆಮನೆಗೆ ಓಡಿದಳು. ಕಣ್ಣೀರು ಧಾರೆಧಾರೆಯಾಗಿ ಹರಿಯಿತು. ನನಗೆ ಗಂಡು ನೋಡಿದ್ದಾರೆಂದು ಕೇಳಿದ ಮೇಲೂ ಅವರ ಬಾಯಲ್ಲಿ ಎಂಜಿನ್ ಮಾತೇ ಬಂತಲ್ಲ! ಹನ್ನೊಂದು ಭಾನುವಾರ ನಾನು ಮಲ್ಲಿಗೆ ಮುಡಿದು ಕಾದದ್ದು ಒಂದು ಎಂಜಿನಿಗಾಗಿಯಾ? ಆ ಟ್ರಕ್ಕಿಗೆ ತಿರುಗಿಕೊಳ್ಳಲು ಒಂದು ಜಾಗ ಬೇಕಿತ್ತು, ಅದು ನಮ್ಮ ಮನೆಯ ಅಂಗಳವಾಯಿತು. ಅಷ್ಟೇ!

ಅವನು ಹೊರಡುವಾಗ ಅವಳು ಹೊರಗೆ ಬರಲಿಲ್ಲ. ಅವನೂ ಕರೆಯಲಿಲ್ಲ.

ಮುಂದಿನ ಭಾನುವಾರ ಅವನು ಬರಲಿಲ್ಲ. ಟ್ರಕ್ಕಿನ ಸದ್ದಿಲ್ಲದ ರಸ್ತೆಯನ್ನು ನೋಡುತ್ತಾ ಮಧ್ಯಾಹ್ನವಾಯಿತು, ಸಂಜೆಯಾಯಿತು. ರಾಜೀವಿ ಉಡುಪಿಯ ವರ್ಗಕ್ಕೆ ಒಪ್ಪಿಗೆಯ ಕಾಗದ ಬರೆದಳು. ರುಜು ಮಾತ್ರ ಬಾಕಿ. ಪೆನ್ನು ಹಿಡಿದಾಗಲೆಲ್ಲ ಕಾಗದವನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿಬಿಡುತ್ತಿದ್ದಳು.

*

ಅದರ ಮುಂದಿನ ಭಾನುವಾರ ಬೆಳಗ್ಗೆ ಸೊಳ್ಳೆಪರದೆಯನ್ನು ಮಡಚಿ ಕಳಮಶ್ಶೇರಿಗೆ ಹೋದಳು. ಅದು ಮನೆಯಲ್ಲಿದ್ದಷ್ಟೂ ದಿನ ಅವಳಿಗೆ ನೆಮ್ಮದಿ ಇರಲಿಲ್ಲ.

"ಜನಾರ್ದನಣ್ಣ, ಇದನ್ನು ಅವರಿಗೆ ಕೊಟ್ಟುಬಿಡಿ. ಎಂಜಿನ್ ಪಳಗಿಸಲಿಕ್ಕೆ ಬರ್ತಾರಲ್ಲ, ಆಗ."

ಕಾಸರಗೋಡಿನಿಂದ ಬಂದು ನೆಲೆಸಿದ್ದ ಮೇಸ್ತ್ರಿ ಕೈಯ ಗ್ರೀಸನ್ನು ಹಳೆ ಬಟ್ಟೆಗೆ ಒರೆಸುತ್ತಾ, ಮಗಳನ್ನು ಕರೆಯುವಂತೆ ಕರೆದು ನಕ್ಕುಬಿಟ್ಟ.

"ಯಾವ ಎಂಜಿನು ಮೋಳೇ? ಅದು ಪಳಗಿ ಎಷ್ಟು ಕಾಲ ಆಯ್ತು!"

"ಅಂದ್ರೆ?"

"ಹೊಸ ಪಿಸ್ಟನಿಗೆ ಸಾವಿರ ಮೈಲಿ ಮೆಲ್ಲಗೆ ಓಡಿಸಿದ್ರೆ ಸಾಕು. ತಿರುವನಂತಪುರಕ್ಕೆ ಹೋಗಿ ಬಂದ್ರೆ ಇನ್ನೂರೆಪ್ಪತ್ತು. ನಾಲ್ಕು ಸಲಕ್ಕೆ ಮುಗೀಲಿಲ್ವಾ? ಮಾರ್ಚ್ ಹನ್ನೆರಡಕ್ಕೆ ನಾನೇ ಎಣ್ಣೆ ಬದಲಿಸಿ ಹೇಳಿದ್ದೆ, ಇನ್ನು ಎಷ್ಟು ಜೋರು ಬೇಕಾದ್ರೂ ಓಡಿಸಿ, ಇಲ್ಲಿಗೆ ಬರುವ ಅಗತ್ಯ ಇಲ್ಲ ಅಂತ. ಮುಂದಿನ ಆದಿತ್ಯವಾರ ನೋಡಿದ್ರೆ, ಪುನಃ ಹಾಜರು!"

ರಾಜೀವಿ ಅಲ್ಲೇ ಟಯರಿನ ಮೇಲೆ ಕುಳಿತುಬಿಟ್ಟಳು. ನಾಲ್ಕು ಭಾನುವಾರ ಎಂಜಿನಿಗೆ... ಹನ್ನೊಂದರಲ್ಲಿ ನಾಲ್ಕು ಕಳೆದರೆ...

ಏಳು! ಏಳು ಭಾನುವಾರ ನನಗೆ!

"ಯಾಕೆ ಬಂದ್ರಿ ಅಂತ ಕೇಳಿದ್ರೆ ಕಾಫಿ ಚೆನ್ನಾಗಿರ್ತದೆ ಅಂತ ಹೇಳಿದ. ನಿನ್ನ ಚಿಕ್ಕಮ್ಮನ ಕಾಫಿ ನಾನೂ ಕುಡಿದಿದ್ದೇನೆ, ಅಷ್ಟೇನೂ ಚೆನ್ನಾಗಿರೂದಿಲ್ಲ," ಎಂದ ಮೇಸ್ತ್ರಿ. ಆಮೇಲೆ ನಗು ನಿಲ್ಲಿಸಿದ. "ನಾಳೆ ಬೆಳಿಗ್ಗೆ ಹೊರಡ್ತಾನಂತೆ, ಹಿಮಾಲಯಕ್ಕೆ. ಮೊನ್ನೆ ಕಾಗದ ಹಾಕಿದ್ದ. ಏನೂ ಗೆಲುವು ಕಾಣ್ಲಿಲ್ಲ ಅದ್ರಲ್ಲಿ."

ರಾಜೀವಿ ಎದ್ದಳು. ಸೊಳ್ಳೆಪರದೆಯನ್ನು ಎದೆಗವಚಿಕೊಂಡು ಮನೆಗೆ ಓಡಿದಳು.

"ಚಿಕ್ಕಮ್ಮ, ನಾನು ತಿರುವನಂತಪುರಕ್ಕೆ ಹೋಗ್ತೇನೆ. ರಾತ್ರಿ ವಿಜಯಾಳ ಮನೇಲಿ ಇರ್ತೇನೆ. ಅದೇ, ಬ್ಯಾಂಕಿನ ವಿಜಯಾ."

ಕುಸುಮಾವತಿ ಅವಳ ಮುಖ ನೋಡಿದರು. "ಹಸಿದುಕೊಂಡು ಹೋಗ್ಬೇಡ," ಎಂದು ನಾಲ್ಕು ಬಾಳೆಹಣ್ಣು ಚೀಲಕ್ಕೆ ಹಾಕಿದರು.

*

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ಬಸ್ಸು ಇಳಿದಾಗ ಸಂಜೆ ನಾಲ್ಕೂವರೆ. ಏರು ಇಳಿಜಾರಿನ ದಾರಿಯಲ್ಲಿ ಕೇಳಿ ಕೇಳಿ ಪೇಟ್ಟ ಎಂಬ ಬಡಾವಣೆಯ ಅವನ ಬಾಡಿಗೆ ಮನೆ ತಲುಪುವಷ್ಟರಲ್ಲಿ ಅವಳ ಕಾಲು ಸೋತಿತ್ತು. ಟ್ರಕ್ಕು ಮನೆಯ ಮುಂದೆಯೇ ಇತ್ತು. ವೀರಭದ್ರ ನೀರಿನ ಡ್ರಮ್ಮು ತುಂಬಿಸುತ್ತಿದ್ದ. ಅವಳನ್ನು ಕಂಡು ಬಕೆಟ್ಟು ಕೈಜಾರಿತು.

"ರಾಜೀವಿಯವ್ರ... ನೀವು... ಇಲ್ಲಿ?"

"ಒಂದು ಪ್ರಶ್ನೆ ಉಂಟು. ಉತ್ತರ ಸರಿಯಾಗಿ ಹೇಳ್ಬೇಕು." ಅವಳಿಗೆ ಏದುಸಿರು. "ಸಾವಿರ ಮೈಲಿ ಯಾವಾಗ ಮುಗೀತು?"

ಅವನ ಮುಖದ ಬಣ್ಣವೇ ಹೋಯಿತು. ಕಾಲ ಬುಡದಲ್ಲಿ ಹರಿಯುತ್ತಿದ್ದ ನೀರನ್ನು ನೋಡುತ್ತಾ ನಿಂತ.

"ಮಾರ್ಚ್ ಹನ್ನೆರಡಕ್ಕ."

"ಹಾಗಾದ್ರೆ ಚಿಕ್ಕಮ್ಮನ ಹತ್ರ ಸುಳ್ಳು ಯಾಕೆ ಹೇಳಿದ್ರಿ?"

"ಏನ್ ಹೇಳ್ಲಿ ಮತ್ತ?" ಮೊದಲ ಬಾರಿಗೆ ಅವನ ಧ್ವನಿ ಏರಿತು, ಕೂಡಲೇ ಒಡೆಯಿತು. "ಊರು, ಊರು ಅಂತ ನೀವು ವಾರ ವಾರ ನೆನಸ್ತಿದ್ರಿ. ಊರ ಕಡೆ ವರ್ಗ ಆಗೂದೈತಿ, ಗಂಡೂ ನೋಡ್ಯಾರ ಅಂದ್ರು ಚಿಕ್ಕಮ್ಮ. ಊರಿಗೆ ಹೊಂಟಾಕಿನ್ನ ಅಡ್ಡ ಹಾಕಾಕ ನಾ ಯಾರ್ರೀ? ಒಂದು ಗುಜರಿ ಗಾಡಿ ಬಿಟ್ರ ನನ್ನ ಹತ್ರ ಏನೈತಿ?"

"ನನ್ನನ್ನು ಒಂದು ಮಾತು ಕೇಳ್ಬಹುದಿತ್ತಲ್ಲ!" ಅವಳ ಕಣ್ಣು ತುಂಬಿ ಬಂತು. "ಎರಡು ವಾರ ಅತ್ತಿದ್ದೇನೆ ನಾನು. ಎಂಜಿನಿಗೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಈ ಭೂಮಿ ಮೇಲೆ ನಾನೊಬ್ಬಳೇ ಇರ್ಬೇಕು!"

ಅವನು ಎರಡು ಹೆಜ್ಜೆ ಮುಂದೆ ಬಂದ. ಒದ್ದೆ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡ.

"ಈಗ ಕೇಳ್ತೀನಿ. ರಾಜೀವಿ... ನೀವಂದ್ರ ನನಗ ಜೀವ. ನನ್ನ ಲಗ್ನ ಆಗ್ತೀರೇನು?"

ಅವಳು ಅಳುತ್ತಲೇ ಹೂಂ ಎಂದು ತಲೆಯಾಡಿಸಿದಳು. ಎಷ್ಟು ಸಲ ಆಡಿಸಿದಳೋ ಅವಳಿಗೇ ಗೊತ್ತಿಲ್ಲ!

"ಹಂಗಾದ್ರ ನಾಳೆ ನಾ ಹೋಗೂದಿಲ್ಲ. ಹಿಮಾಲಯ ಎಲ್ಲೂ ಓಡಿ ಹೋಗೂದಿಲ್ಲ."

"ಹೋಗ್ಬೇಕು!" ಅವಳು ಕಣ್ಣೊರೆಸಿಕೊಂಡಳು. "ಯಾವ ದಾರಿ ಹಿಡೀತೀರಿ?"

"ಪಾಲ್ಘಾಟ್, ಬೆಂಗಳೂರು, ಹೈದರಾಬಾದ್, ನಾಗಪುರ... ಅದ ಹತ್ರ."

"ಕರಾವಳಿ ದಾರಿಯಲ್ಲಿ ಹೋಗ್ಲಿಕ್ಕೆ ಆಗೂದಿಲ್ವಾ?"

"ಆಕ್ಕೈತಿ. ಖರೆ, ಸುತ್ತು ಹಾಕಿದಂಗ ಆಕ್ಕೈತ್ರಿ."

"ಆಗ್ಲಿ. ಆ ದಾರಿಯಲ್ಲಿ ಕುಂದಾಪುರ ಸಿಗ್ತದೆ. ಅಲ್ಲಿ ನನ್ನ ಅಪ್ಪಯ್ಯ ಇದ್ದಾರೆ."

ಮಾತಿನ ಅರ್ಥವಾದದ್ದೇ ಅವನು ಟ್ರಕ್ಕಿಗೆ ಒರಗಿ ನಿಂತುಬಿಟ್ಟ.

"ಎರಡು ತಿಂಗಳ ರಜದಲ್ಲಿ ಮದುವೆ, ಪ್ರಯಾಣ ಎರಡೂ ಆಗ್ಬೇಕು. ನನಗೂ ರಜೆ ಬಾಕಿ ಉಂಟು," ಎಂದಳು ರಾಜೀವಿ. ಚೀಲದಿಂದ ಒಪ್ಪಿಗೆಯ ಕಾಗದ ತೆಗೆದು ನಾಲ್ಕು ಚೂರು ಮಾಡಿದಳು. "ಬ್ಯಾಂಕಿಗೆ ಬೇರೆ ಕಾಗದ ಬರೀತೇನೆ. ವರ್ಗ ಬೇಕು, ಆದ್ರೆ ತಿರುವನಂತಪುರಕ್ಕೆ ಅಂತ. ಮಾಸ್ಟ್ರ ವಿಷಯ ಚಿಂತೆ ಮಾಡ್ಬೇಡಿ, ನಾನಿನ್ನೂ ಅವರ ಮುಖವನ್ನೇ ನೋಡ್ಲಿಲ್ಲ."

"ನಿಮ್ಮ ಅಪ್ಪಾರು ಬ್ಯಾಡ ಅಂದ್ರ?"

"ಅಂದ್ರೆ, ಟ್ರಕ್ಕು ಕೆಟ್ಟಿದೆ ಅಂತ ನಮ್ಮ ಅಂಗಳದಲ್ಲೇ ನಿಲ್ಲಿಸಿ. ಅವರು ಹೂಂ ಅನ್ನುವವರೆಗೂ ರಿಪೇರಿ ಮಾಡ್ತಾ ಇರಿ."

ಅವನು ಅವಳ ಕೈ ಹಿಡಿದುಕೊಂಡ. ಅವನ ಕೈ ಇನ್ನೂ ತಣ್ಣಗೆ ಒದ್ದೆಯಾಗಿಯೇ ಇತ್ತು.

"ಬ್ಯಾಡ. ಇನ್ನ ಗಾಡಿ ಹೆಸರಿನ್ಯಾಗ ಸುಳ್ಳು ಹೇಳೂದಿಲ್ಲ. ನಿಮ್ಮ ಮಗಳ ಸಲುವಾಗಿ ಕುಂತೀನಿ ಅಂತ ಹೇಳೇ ಅಂಗಳದಾಗ ಕುಂದರತೀನಿ. ಎಷ್ಟು ದಿನ ಆದ್ರೂ ಸೈ."

"ಹಾಗಾದ್ರೆ," ರಾಜೀವಿ ಅವನ ತೋಳಿಗೆ ಹಣೆ ತಾಗಿಸಿ ಮೆಲ್ಲಗೆ ಹೇಳಿದಳು, "ಇವತ್ತೇ ಅಮ್ಮನಿಗೆ ತಂತಿ ಕಳಿಸ್ತೇನೆ. ಅಂಗಳದಲ್ಲಿ ಒಣಗಿಸಿದ ತೆಂಗಿನಕಾಯಿ ಎಲ್ಲ ತೆಗೆದಿಡಲಿ. ಅಳಿಯ ಬರ್ತಾರೆ ಅಂತ."