ಗಾಜಿನ ಸಿಗಡಿಯ ಆಚೆ

ಇನ್‌ಸ್ಪೆಕ್ಟರಮ್ಮನಿಗೆ ಈಜು ಬರುತ್ತಿರಲಿಲ್ಲ.

ಕಡಲ ದಂಡೆಯ ಠಾಣೆಗೆ ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಆಕೆ ನೀರಿಗಿಳಿದದ್ದು ಪಾದ ಒದ್ದೆಯಾಗುವಷ್ಟು ಮಾತ್ರ. ಹಾಗಾಗಿ ಆ ಬೆಳಿಗ್ಗೆ ಗಾಳದವರಿಬ್ಬರು ಹೆಣವನ್ನು ದೋಣಿಯಲ್ಲಿ ತಂದಾಗ, ದೋಣಿ ಮರಳಿಗೆ ತಾಗುವವರೆಗೂ ಆಕೆ ದಡದಲ್ಲೇ ನಿಂತು ಕಾದಳು.

ಹೆಣದ ಮೈಮೇಲೆ ಕಪ್ಪು ರಬ್ಬರು ಬಟ್ಟೆ. ಬೆನ್ನಿಗೆ ಗಾಳಿಯ ಸಿಲಿಂಡರ್. ಎದೆಗೆ ಕೊಕ್ಕೆ ಹಾಕಿದ್ದ ಕ್ಯಾಮೆರಾ. ಮುಖ ನೋಡಿದ ಕೂಡಲೇ ದಫೇದಾರ ಟೋಪಿ ತೆಗೆದ.

"ಸಿಗಡಿ ಮೇಷ್ಟ್ರು, ಮೇಡಂ."

ಊರಿಗೆಲ್ಲ ಗೊತ್ತಿದ್ದ ಮನುಷ್ಯ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಹನ್ನೊಂದು ವರ್ಷದಿಂದ ನೀರಿನಡಿ ಹೋಗಿ, ಕಿರುಬೆರಳ ಉಗುರಿನಷ್ಟಿರುವ ಸಿಗಡಿಗಳನ್ನು ಎಣಿಸುತ್ತಿದ್ದರು. ಊಟದ ಸಿಗಡಿ ಅಲ್ಲ. ಕಡಲಹೂಗಳ ನಡುವೆ ಮನೆ ಮಾಡಿಕೊಂಡಿರುವ ಸಿಗಡಿ. ಕಡಲಹೂ ನೋಡುವುದಕ್ಕೆ ಹೂವು, ನಿಜಕ್ಕೆ ಪ್ರಾಣಿ. ಬಂಡೆಗೆ ಅಂಟಿಕೊಂಡು ಎಸಳಿನಂಥ ಕೈಗಳನ್ನು ಆಡಿಸುತ್ತಿರುತ್ತದೆ.

"ಎಲ್ಲಿ ಸಿಕ್ಕಿದ್ರು?"

"ತಗ್ಗು ಬಂಡೆ ಹತ್ರ ತೇಲ್ತಾ ಇದ್ರು," ಅಂದ ಗಾಳದವ. "ಅಲ್ಲಿ ನೀರು ಆರು ಮೀಟರೂ ಇಲ್ಲ. ನಮ್ಮ ಮಕ್ಕಳು ಅಲ್ಲಿ ಆಟ ಆಡ್ತಾವೆ."

ದಫೇದಾರ ಸಿಲಿಂಡರಿನ ಮುಳ್ಳು ನೋಡಿದ. "ಅರ್ಧಕ್ಕಿಂತ ಜಾಸ್ತಿ ಗಾಳಿ ಇದೆ ಮೇಡಂ. ಗಾಳಿ ಬೆನ್ನಿಗೆ ಕಟ್ಕೊಂಡು ಉಸಿರುಗಟ್ಟೋದು ಅಂದ್ರೆ, ತುಂಬಿದ ತಟ್ಟೆ ಮುಂದೆ ಹಸಿದು ಸತ್ತ ಹಾಗೆ."

ಇನ್‌ಸ್ಪೆಕ್ಟರಮ್ಮ ಕೈಗಳನ್ನು ನೋಡಿದಳು. ಎಡ ಮಣಿಕಟ್ಟಿನ ಮೇಲೆ ಬಿಸಿಲು ಕಾಣದ ಬಿಳಿ ಪಟ್ಟಿ. ಅಲ್ಲಿರಬೇಕಾದ ಡೈವಿಂಗ್ ಗಡಿಯಾರ ಇಲ್ಲ. ಬಲಗೈಯ ನಾಲ್ಕು ಬೆರಳುಗಳ ಒಳಮಗ್ಗುಲಿಗೆ ಅಡ್ಡಲಾಗಿ ಒಂದೇ ಸಾಲಿನ ಗೀರು. ಏನನ್ನೋ ಬಿಗಿಯಾಗಿ ಹಿಡಿದ ಕೈ. ಯಾರೋ ಅದನ್ನು ಕಿತ್ತುಕೊಂಡಿದ್ದಾರೆ.

* * *

ಡೈವಿಂಗ್ ಅಂಗಡಿಯಲ್ಲಿ ರಬ್ಬರು, ಉಪ್ಪು, ಡೀಸೆಲ್ ಮೂರೂ ಸೇರಿದ ವಾಸನೆ. ಯಜಮಾನ ನಲವತ್ತರ ಆಸುಪಾಸಿನವನು, ಅಗಲ ಭುಜ, ಮೆತ್ತಗಿನ ಮಾತು. ಕೇಳುವ ಮುಂಚೆಯೇ ರಿಜಿಸ್ಟರ್ ತೆಗೆದು ಮುಂದಿಟ್ಟ.

ಬೆಳಿಗ್ಗೆ ಆರೂವರೆ. ಸ್ಥಳ: ತಗ್ಗು ಬಂಡೆ. ಇಳಿದವರು: ಮೇಷ್ಟ್ರು. ಜೊತೆಗಾರ: ಮೊಣಕಾಲಪ್ಪ.

"ಮೊಣಕಾಲಪ್ಪ ಯಾರು?"

"ನಮ್ಮ ಗೈಡು. ಹೊಸಬರನ್ನ ನೀರಿಗೆ ಇಳಿಸ್ತಾನೆ. ಮೊಣಕಾಲುದ್ದ ನೀರು ದಾಟಲ್ಲ ಅಂತ ಹುಡುಗರು ಇಟ್ಟ ಹೆಸರು." ಯಜಮಾನ ನಿಟ್ಟುಸಿರು ಬಿಟ್ಟ. "ಜೊತೆಗಾರನ ಬಿಟ್ಟು ಮೇಲೆ ಬರಬಾರದು ಮೇಡಂ. ನಮ್ಮ ಕಸುಬಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಹೆದರಿಕೊಂಡು ದೋಣಿ ಕಟ್ಟಿ ಮನೆಗೆ ಓಡಿದಾನೆ."

ಮೊಣಕಾಲಪ್ಪ ಮನೆಯಲ್ಲೇ ಸಿಕ್ಕಿದ. ಮಲಗಿದ್ದವನನ್ನು ಎಬ್ಬಿಸಿ ಕರೆತಂದರು.

"ನಾನು ಹೋಗೇ ಇಲ್ಲ ಮೇಡಂ! ಯಜಮಾನ್ರೇ ನಿನ್ನೆ ಸಂಜೆ ನಾಳೆ ರಜೆ ತಗೋ ಅಂದ್ರು."

"ಯಾರಾದ್ರೂ ಕೇಳಿಸ್ಕೊಂಡ್ರಾ?"

"ರಜೆ ಕೊಡೋವಾಗ ಸಾಕ್ಷಿ ಕರ್ಕೊಂಡು ಹೋಗ್ತಾರಾ ಯಾರಾದ್ರೂ?"

ಬಲೆ ಒಣಗಿಸುತ್ತಿದ್ದ ಹೆಂಗಸೊಬ್ಬಳು ದೋಣಿ ಹೊರಟದ್ದನ್ನು ನೋಡಿದ್ದಳು. ದೋಣಿಯಲ್ಲಿ ಇಬ್ಬರಿದ್ದರಂತೆ. ಯಾರು? "ರಬ್ಬರು ಬಟ್ಟೆ ತಲೆವರೆಗೂ ಎಳ್ಕೊಂಡ್ರೆ ಗಂಡ ಯಾರು ಮೈದುನ ಯಾರು ಅಂತ ಹೆಂಡತಿಗೂ ಗೊತ್ತಾಗಲ್ಲಮ್ಮ," ಅಂದಳು.

ಮಾತಿಗೆ ಮಾತು. ರಿಜಿಸ್ಟರ್ ಒಂದೇ ಕಾಗದದ ಸಾಕ್ಷಿ. ಮೇಲಿನ ಅಧಿಕಾರಿ ಫೋನಿನಲ್ಲಿ ಹೇಳಿದ: "ಗೈಡನ್ನ ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಹಾಜರುಪಡಿಸಿ. ಫೈಲ್ ಮುಗಿಸಿ."

ಸಂಜೆ ಮೊಣಕಾಲಪ್ಪನ ಹೆಂಡತಿ ಠಾಣೆಗೆ ಬಂದಳು. ಅಳಲಿಲ್ಲ. ಮೇಜಿನ ಮೇಲೆ ಒಂದು ಪುಟ್ಟ ಸೀಸೆಯನ್ನೂ ಡಾಕ್ಟರ ಚೀಟಿಯನ್ನೂ ಇಟ್ಟಳು.

"ಕಿವಿಗೆ ಬಿಡೋದು. ದಿನಕ್ಕೆ ಮೂರು ಸಲ. ನಿಮ್ಮೋರಿಗೆ ಹೇಳಿ, ಮರೀದೆ ಬಿಡಲಿ."

"ಏನಾಗಿದೆ ಕಿವಿಗೆ?"

"ಚಿಕ್ಕಂದಿನಿಂದ ಇದೆ. ಎಂಟು ಮೀಟರ್ ಕೆಳಗಿಳಿದ್ರೆ ತಲೆ ಸಿಡಿದ ಹಾಗಾಗುತ್ತೆ, ರಕ್ತ ಬರುತ್ತೆ. ಅದಕ್ಕೇ ಆ ಹೆಸರಿಟ್ಟು ಆಡ್ಕೊಳ್ತಾರೆ." ಹೊರಡುವ ಮುಂಚೆ ಕೇಳಿದಳು. "ಗೈಡ್ ಲೈಸೆನ್ಸ್ ಹೋಗುತ್ತಾ ಅಮ್ಮಾ? ಅವರಿಗೆ ಬೇರೆ ಕೆಲಸ ಬರಲ್ಲ."

ಇನ್‌ಸ್ಪೆಕ್ಟರಮ್ಮ ಸೀಸೆಯನ್ನೂ ಚೀಟಿಯನ್ನೂ ದಫೇದಾರನ ಕೈಗೆ ಕೊಟ್ಟಳು. ಹೋಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಜೈಲೂ ಆಗುತ್ತದೆ. ಆದರೆ ತಗ್ಗು ಬಂಡೆಯ ಆಳ ಆರೇ ಮೀಟರ್. ಕಿವಿಯ ಚೀಟಿ ಅವನನ್ನು ಕಾಪಾಡುವುದಿಲ್ಲ.

* * *

ಮರುದಿನ ಬೆಳಿಗ್ಗೆ ಏಳಕ್ಕೇ ಆಕೆ ಮೇಷ್ಟ್ರ ಮನೆಗೆ ಹೋದಳು. ಮಗಳು ಬಾಗಿಲು ತೆರೆದಳು. ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ಕೆಲಸ. ತಾಯಿ ತೀರಿಕೊಂಡು ಆರು ವರ್ಷ.

"ಹೋಗೋವಾಗ ಏನಾದ್ರೂ ಹೇಳಿದ್ರಾ?"

ಮಗಳು ಸೆರಗಿನ ಅಂಚು ಸುತ್ತಿದಳು. "ಹಿಂದಿನ ದಿನ ರಾತ್ರಿ ತುಂಬಾ ಖುಷಿಯಾಗಿದ್ರು. 'ನಾಳೆ ಹಳೇ ಗೆಳತೀನ ನೋಡ್ಕೊಂಡು ಬರ್ತೀನಿ' ಅಂದ್ರು. ಯಾರಪ್ಪ ಅಂದೆ. ನಕ್ಕು ಸುಮ್ಮನಾದ್ರು. ನಾನೂ ಕೆದಕಲಿಲ್ಲ. ಅಪ್ಪನ ಹತ್ರ ಅಂಥದ್ದೆಲ್ಲ ಹೇಗೆ ಕೇಳೋದು?"

ದಫೇದಾರನ ಮೀಸೆಯಡಿ ನಗು ಸುಳಿಯಿತು. ಇನ್‌ಸ್ಪೆಕ್ಟರಮ್ಮ ಅವನನ್ನು ದುರುಗುಟ್ಟಿ ನೋಡಿದಳು. ನಗು ಹೋಯಿತು.

ಮೇಷ್ಟ್ರ ಫೋನಿನಲ್ಲಿ ದಿನಕ್ಕೊಮ್ಮೆ ತಪ್ಪದೆ ಮಾತಾಡಿದ ನಂಬರ್ ಒಂದೇ. ಅದು ಕಾಲೇಜು ಮ್ಯೂಸಿಯಂನದು.

"ಸಿಕ್ಕಿದಳು ಗೆಳತಿ," ಅಂದ ದಫೇದಾರ.

* * *

ಮ್ಯೂಸಿಯಂ ಅಂದರೆ ಉದ್ದನೆಯ ಒಂದು ಕೋಣೆ, ಗೋಡೆಯುದ್ದಕ್ಕೂ ಗಾಜಿನ ಸೀಸೆಗಳು, ಸೀಸೆಗಳಲ್ಲಿ ಬಣ್ಣ ಕಳೆದುಕೊಂಡ ಮೀನು, ಏಡಿ, ಹುಳು. ಅದನ್ನು ನೋಡಿಕೊಳ್ಳುವವಳನ್ನು ಹುಡುಗರು ಸೀಸೆಯಮ್ಮ ಎಂದು ಕರೆಯುತ್ತಿದ್ದರು. ಐವತ್ತು ದಾಟಿದವಳು. ಕಣ್ಣು ಕೆಂಪಾಗಿತ್ತು.

"ಗೆಳತಿ ನಾನಾ?" ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಅಷ್ಟು ಪುಣ್ಯ ನನಗೆಲ್ಲಿ ಮೇಡಂ. ನಾನು ಅವರ ವಿದ್ಯಾರ್ಥಿ. ಆ ಗೆಳತಿ ಇಷ್ಟಗಲ ಇದ್ದಾಳೆ." ಎರಡೂ ಕೈ ಚಾಚಿ ತೋರಿಸಿದಳು. "ಚಾಪೆಹೂ. ಕಡಲಹೂವಲ್ಲೇ ಒಂದು ಜಾತಿ. ಎಸಳು ಗಿಡ್ಡ, ಮೈ ಚಪ್ಪಟೆ, ಬಂಡೆ ಮೇಲೆ ಚಾಪೆ ಹಾಸಿದ ಹಾಗೆ. ಮೇಷ್ಟ್ರು ಮೊದಲ ವರ್ಷ ಎಣಿಸಿದ ಮೊದಲನೇ ಹೂವು ಅದು. ಎಲ್ಲೇ ಇಳಿದ್ರೂ ಒಂದು ಹೂವಿನ ಮುಂದೆ ಕೂತ್ರೆ ನಲವತ್ತು ನಿಮಿಷ ಕದಲ್ತಿರಲಿಲ್ಲ. ನೀರಿನೊಳಗೆ ತಪಸ್ಸು."

"ತಗ್ಗು ಬಂಡೇಲಾ?"

"ತಗ್ಗು ಬಂಡೇಲಿ ಚಾಪೆಹೂ ಒಂದೂ ಇಲ್ಲ. ಹನ್ನೊಂದು ವರ್ಷದ ಲೆಕ್ಕ ಇಲ್ಲೇ ಇದೆ, ನೋಡಿ. ಅದು ಇರೋದು ಗೋಡೆಯಲ್ಲಿ. ನೀರಿನಡಿಯ ಕಡಿದಾದ ಬಂಡೆ, ಇಪ್ಪತ್ತನಾಲ್ಕು ಮೀಟರ್ ಕೆಳಗೆ. ಅದು ಮೀನುಗಾರಿಕೆ ಇಲಾಖೆಯೋರು ಮುಚ್ಚಿದ ಜಾಗ. ಯಾರೂ ಇಳಿಯೋ ಹಾಗಿಲ್ಲ. ಎಣಿಕೆಗೆ ಅಂತ ಮೇಷ್ಟ್ರಿಗೆ ಮಾತ್ರ ಅನುಮತಿ ಇತ್ತು. ಡೈವಿಂಗ್ ಅಂಗಡಿ ಯಜಮಾನ ಎಂಟು ತಿಂಗಳಿಂದ, ಸೆಳೆತ ಜಾಸ್ತಿ ಅಂತ ಹೇಳಿ ಕರ್ಕೊಂಡು ಹೋಗ್ತಾನೇ ಇರಲಿಲ್ಲ."

ಇನ್‌ಸ್ಪೆಕ್ಟರಮ್ಮ ಕ್ಯಾಮೆರಾ ಮುಂದಿಟ್ಟಳು. ಬ್ಯಾಟರಿ ಬದಲಿಸಿದಾಗ ಅದರ ಗಡಿಯಾರ ಕೆಟ್ಟಿತ್ತು. ಎಲ್ಲ ಚಿತ್ರಕ್ಕೂ ಒಂದೇ ಹುಸಿ ತಾರೀಖು. ಯಾವಾಗ, ಎಲ್ಲಿ, ಯಾವುದೂ ಗೊತ್ತಾಗದು. ಯಜಮಾನನೂ ನೋಡಿ ಹೇಳಿದ್ದ: ಎಲ್ಲ ತಗ್ಗು ಬಂಡೆಯ ಸಿಗಡಿ.

ಸೀಸೆಯಮ್ಮ ಒಂದೊಂದೇ ದಾಟಿಸಿದಳು. "ಇವು ತಗ್ಗು ಬಂಡೆಯವೇ. ಕಾಲಿಗೆ ನೇರಳೆ ಬಳೆ ತೊಟ್ಟಿವೆ. ಹಳೇ ಚಿತ್ರ." ಕೊನೆಯದಕ್ಕೆ ಬಂದು ನಿಂತಳು. ಭೂತಗನ್ನಡಿ ತೆಗೆದಳು.

"ಇದು ಬೇರೆ ಜಾತಿ. ಬಾಲ ನೋಡಿ. ಐದು ಕಿತ್ತಳೆ ಚುಕ್ಕೆ, ಸುತ್ತ ಕಪ್ಪು ಅಂಚು. ನಮ್ಮ ಕಡಲಲ್ಲಿ ಇದು ಚಾಪೆಹೂ ಬಿಟ್ಟು ಬೇರೆಲ್ಲೂ ಸಿಕ್ಕಿಲ್ಲ."

"ಹಾಗಾದ್ರೆ ಇದು ಗೋಡೆ."

"ಗೋಡೆಯೇ. ಆದರೆ..." ಸೀಸೆಯಮ್ಮನ ದನಿ ಇಳಿಯಿತು. "ಹೂವೆಲ್ಲಿ?"

"ಅಂದ್ರೆ?"

"ಇದು ಗಂಡು. ಹೆಣ್ಣಿಗೆ ಬೆನ್ನ ಮೇಲೆ ದೊಡ್ಡ ಬಿಳಿ ತೇಪೆ ಇರುತ್ತೆ. ಗಂಡು ಹೆಚ್ಚುಕಮ್ಮಿ ಪೂರ್ತಿ ಗಾಜು. ಸಿಗಡಿ ನೋಡಬೇಡಿ ಮೇಡಂ. ಅದರ ಹೊಟ್ಟೆಯೊಳಗಿಂದ ಆಚೆ ನೋಡಿ."

ಇನ್‌ಸ್ಪೆಕ್ಟರಮ್ಮ ಭೂತಗನ್ನಡಿಗೆ ಕಣ್ಣಿಟ್ಟಳು. ಸಿಗಡಿಯ ಮೈಯಾಚೆ ಹಸಿರು. ಹಸಿರಿನಲ್ಲಿ ಗೆರೆ. ಅಡ್ಡ ಒಂದು, ಉದ್ದ ಎರಡು. ಗೆರೆ ಸೇರುವ ಕಡೆ, ಮುರಿದ ಪಟ್ಟಿಗೆ ಮೂರು ಸುತ್ತು ಹಾಕಿದ ತಾಮ್ರದ ತಂತಿ.

"ಕಡಲಲ್ಲಿ ನೆಟ್ಟಗಿನ ಗೆರೆ ಇರಲ್ಲ," ಅಂದಳು ಸೀಸೆಯಮ್ಮ. "ಅದು ಪ್ಲಾಸ್ಟಿಕ್ ಕ್ರೇಟು. ಮನೆ ಕಿತ್ತು ಒಳಗೆ ಹಾಕಿದಾರೆ. ಅದು ಪಾಪ ಹೊರಗೆ ಕ್ರೇಟನ್ನೇ ಅಪ್ಪಿಕೊಂಡು ಕೂತಿದೆ."

ಮ್ಯೂಸಿಯಂನ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಕೋರ್ಟಿಗೆ ಇನ್ನು ಒಂದೂವರೆ ಗಂಟೆ.

* * *

ಯಜಮಾನ ಅಂಗಡಿಯ ಹಿಂದೆ ಸಿಹಿನೀರಿನ ತೊಟ್ಟಿಯಲ್ಲಿ ಮುಖವಾಡಗಳನ್ನು ತೊಳೆಯುತ್ತಿದ್ದ. ಗೋಡೆಗೆ ಒರಗಿಸಿ ಏಳು ಹಸಿರು ಕ್ರೇಟುಗಳು. ಇನ್‌ಸ್ಪೆಕ್ಟರಮ್ಮ ಅವುಗಳ ಮುಂದೆ ಮೆಲ್ಲಗೆ ನಡೆದಳು. ಐದನೆಯದರ ಹತ್ತಿರ ನಿಂತಳು. ಮತ್ತೆ ಬಂದು ಚಿತ್ರವನ್ನು ಅವನ ಮುಂದೆ ಹಿಡಿದಳು.

"ಇದು ಎಲ್ಲಿ ತೆಗೆದದ್ದು?"

"ತಗ್ಗು ಬಂಡೆ, ಮೇಡಂ. ಆಗಲೇ ಹೇಳಿದ್ನಲ್ಲ."

"ಯಾವ ಹೂವಿನ ಮೇಲೆ ಕೂತಿದೆ?"

"ಯಾವುದೋ ಒಂದು. ಸಿಗಡಿ ಯಾವುದಾದ್ರೇನು, ಸಿಗಡೀನೇ."

"ಅಲ್ಲೇ ನೀವು ಎಡವಿದ್ದು."

ಆಕೆ ಐದನೆಯ ಕ್ರೇಟನ್ನು ತೊಟ್ಟಿಯ ಅಂಚಿಗಿಟ್ಟಳು. ಮೂಲೆಯ ಪಟ್ಟಿ ಮುರಿದಿತ್ತು. ತಾಮ್ರದ ತಂತಿ, ಮೂರು ಸುತ್ತು. ಚಿತ್ರವನ್ನು ಅದರ ಪಕ್ಕ ಇಟ್ಟಳು.

"ಇದು ಗೋಡೆಯ ಸಿಗಡಿ. ಆಳ ಇಪ್ಪತ್ತನಾಲ್ಕು ಮೀಟರ್. ಮೊಣಕಾಲಪ್ಪನ ಕಿವಿ ಎಂಟು ಮೀಟರ್ ದಾಟಲ್ಲ, ಊರಿಗೇ ಗೊತ್ತು. ಗೋಡೆ ಅಂತ ಬರೆದಿದ್ರೆ ಅವನನ್ನ ಸಿಕ್ಕಿಸೋಕೆ ಆಗ್ತಿರಲಿಲ್ಲ, ನಿಮ್ಮ ಕಳ್ಳತನವೂ ಹೊರಗೆ ಬರ್ತಿತ್ತು. ಅದಕ್ಕೇ ತಗ್ಗು ಬಂಡೆ ಅಂತ ಬರೆದ್ರಿ. ಹೆಣವನ್ನ ಅಲ್ಲಿಗೆ ಎಳೆದು ತಂದ್ರಿ. ಆಳ ಬರೆದಿಟ್ಟುಕೊಳ್ಳೋ ಗಡಿಯಾರ ಬಿಚ್ಚಿದ್ರಿ. ಕ್ಯಾಮೆರಾ ಬಿಟ್ರಿ. ಅದರಲ್ಲಿ ಬರೀ ಸಿಗಡಿ ಇತ್ತಲ್ಲ."

ಯಜಮಾನ ಮುಖವಾಡ ತೊಳೆಯುವುದನ್ನು ನಿಲ್ಲಿಸಲಿಲ್ಲ. ಅದೇ ಮುಖವಾಡ. ಅದೇ ಗಾಜು.

"ಅವರು ಕಾಟ ಕೊಟ್ರು," ಅಂದ ಕೊನೆಗೆ. "ಕರ್ಕೊಂಡು ಹೋಗದಿದ್ರೆ ಇಲಾಖೆ ದೋಣೀಲಿ ಹೋಗ್ತೀನಿ ಅಂದ್ರು. ಇಲಾಖೆಯೋರು ಬಂದ್ರೆ ನನ್ನ ಕತೆ ಮುಗೀತು. ಸರಿ, ಗೈಡಿಗೆ ರಜೆ ಕೊಟ್ಟು ಒಂದು ದಿನ ನಾನೇ ಕರ್ಕೊಂಡು ಹೋಗಿ ಗೆಳತಿ ಮುಂದೆ ಕೂರಿಸೋಣ ಅಂದ್ಕೊಂಡೆ. ಕೂತ್ರೆ ನಲವತ್ತು ನಿಮಿಷ ಏಳಲ್ಲ. ಅಷ್ಟರಲ್ಲಿ ಆ ಕಡೆ ಮೂಲೇಲಿ ನನ್ನ ಕೆಲಸ ಮುಗಿಸಬಹುದು. ಗಾಜಿನ ತೊಟ್ಟೀಲಿ ಮೀನು ಸಾಕೋರು ಒಳ್ಳೆ ದುಡ್ಡಿಗೆ ಚಾಪೆಹೂ ಕೇಳ್ತಾ ಇದ್ರು."

"ಆದರೆ ಅವರು ಕೂರಲಿಲ್ಲ."

"ಗೆಳತಿ ಇದ್ರೆ ತಾನೇ ಕೂರೋದು." ಅವನ ಕೈ ಈಗ ನಿಂತಿತು. "ಹಿಂದಿನ ವಾರ ನಾನು ಕಿತ್ತಿದ್ದ ಹೂವಲ್ಲಿ ಅದೂ ಒಂದಿರಬೇಕು. ನನಗೆ ಹೇಗೆ ಗೊತ್ತಾಗಬೇಕು? ಎಲ್ಲ ಒಂದೇ ಥರ ಇರ್ತಾವೆ. ಅವರು ಅದನ್ನ ಹುಡುಕ್ಕೊಂಡು ನಾನಿದ್ದ ಕಡೆಗೇ ಬಂದ್ರು. ನಾನು ತಿರುಗಿ ನೋಡೋ ಹೊತ್ತಿಗೆ ಕ್ರೇಟಿನ ಫೋಟೋ ತೆಗೀತಾ ಇದ್ರು."

"ಆಮೇಲೆ?"

"ಕ್ರೇಟು ಎಳೆದೆ. ಅವರು ಒಂದು ಕೈಯಲ್ಲಿ ಹಿಡ್ಕೊಂಡು ಬಿಡಲೇ ಇಲ್ಲ. ಜಗ್ಗಾಟದಲ್ಲಿ ನನ್ನ ಮೊಣಕೈ ತಾಗಿ ಅವರ ಬಾಯಿಂದ ಗಾಳಿ ಕೊಳವೆ ಕಳಚಿತು. ನನ್ನ ಹತ್ರ ಇನ್ನೊಂದು ಕೊಳವೆ ಇತ್ತು ಮೇಡಂ. ಜೊತೆಗಾರನಿಗೆ ಕೊಡೋಕೇ ಅಂತ ಇರೋದು ಅದು. ಕೊಡೋಕೆ ಒಂದು ಕೈ ಖಾಲಿ ಮಾಡಬೇಕಿತ್ತು. ನಾನು ಎರಡೂ ಕೈಯಲ್ಲಿ ಕ್ರೇಟು ಹಿಡಿದಿದ್ದೆ."

ದಫೇದಾರ ಬೇಡಿ ತೆಗೆದ.

"ನನಗೆ ಮುಳುಗೋದು ಕಲಿಸಿದ್ದೇ ಅವರು," ಅಂದ ಯಜಮಾನ.

* * *

ಮೊಣಕಾಲಪ್ಪ ಕೋರ್ಟಿಗೆ ಹೋಗಲಿಲ್ಲ. ಮನೆಗೆ ಹೋದ. ಮೂರನೆಯ ದಿನ ಇಲಾಖೆಯ ದೋಣಿ ನಡೆಸಲು ಅವನನ್ನೇ ಕರೆದರು. ಕೇಸಿಗೆ ಲೆಕ್ಕ ಬೇಕಿತ್ತು. ವಿದ್ಯಾರ್ಥಿಯಾಗಿದ್ದಾಗಲೇ ಮುಳುಗುವುದು ಕಲಿತಿದ್ದ ಸೀಸೆಯಮ್ಮ ಮೇಷ್ಟ್ರ ಕೊನೆಯ ಎಣಿಕೆಯ ಪಟ್ಟಿ ಹಿಡಿದು, ಇಲಾಖೆಯ ಮುಳುಗುಗಾರನೊಬ್ಬನ ಜೊತೆ ಗೋಡೆಗೆ ಇಳಿದಳು. ಇನ್‌ಸ್ಪೆಕ್ಟರಮ್ಮ ದೋಣಿಯ ನಡುವೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಇಳೀತೀರಾ ಮೇಡಂ?" ಅಂದ ಮೊಣಕಾಲಪ್ಪ. "ಮೊಣಕಾಲುದ್ದದವರೆಗೂ ನಾನು ಗ್ಯಾರಂಟಿ."

"ಸುಮ್ನೆ ದೋಣಿ ನೋಡ್ಕೊಳ್ಳಯ್ಯ."

ಎರಡು ದಿನ, ನಾಲ್ಕು ಸಲ ಇಳಿದರು. ಪ್ರತಿ ಸಲವೂ ಸೀಸೆಯಮ್ಮ ಮೇಲೆ ಬಂದು ನೀರಿನಡಿ ಲೆಕ್ಕ ಬರೆದುಕೊಂಡ ಪುಟ್ಟ ಸ್ಲೇಟನ್ನು ಕೈಗಿಡುತ್ತಿದ್ದಳು. ಇನ್‌ಸ್ಪೆಕ್ಟರಮ್ಮ ಅದನ್ನು ಫೈಲಿಗೆ ಇಳಿಸಿಕೊಳ್ಳುತ್ತಿದ್ದಳು. ಕೊನೆಯ ಸಲ ಕೂಡಿಸಿ ಕೆಳಗೆ ಸಹಿ ಹಾಕಿದಳು.

ಎಂಟು ತಿಂಗಳ ಹಿಂದೆ ಗೋಡೆಯ ಮೇಲಿದ್ದ ಚಾಪೆಹೂ ಮೂವತ್ತನಾಲ್ಕು. ಈಗ ಇರುವುದು ಹದಿನೈದು. ಹೋದದ್ದು: ಹೂವು ಹತ್ತೊಂಬತ್ತು, ಅವುಗಳಲ್ಲಿದ್ದ ಸಿಗಡಿ ಅರವತ್ತೊಂದು, ಮನುಷ್ಯ ಒಬ್ಬ.