ಕರೆಂಟ್ ಇದೆಯಾ, ಮೇಡಮ್?

"ಕಾಲು ನನ್ನದು, ಗುಂಡು ನಿಮ್ಮದು. ಬಿದ್ರೆ ಹೆಕ್ಕೋರು ಯಾರು?"

ಅವನು ಅವಳೊಡನೆ ಆಡಿದ ಮೊದಲ ಮಾತು ಇದು. ಅವಳು ಗಾಲಿಕುರ್ಚಿಯ ಮುಂದೆ ಮಂಡಿಯೂರಿ, ಅವನ ಪಾದಕ್ಕೆ ಬೆಳ್ಳಿ ಬಣ್ಣದ ಪುಟ್ಟ ಗುಂಡುಗಳನ್ನು ಅಂಟಿಸುತ್ತಿದ್ದಳು. ಲ್ಯಾಬಿನ ಗೋಡೆಯ ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲ, ಆ ಗುಂಡುಗಳಷ್ಟೇ ಕಾಣುತ್ತವೆ. ಅವು ಅಲುಗಿದರೆ ಕಾಲು ಅಲುಗಿತೆಂದು ಲೆಕ್ಕ.

"ನೀವು ಅಲ್ಲಾಡದೆ ಕೂತ್ರೆ ಬೀಳಲ್ಲ," ಎಂದಳು ತಲೆ ಎತ್ತದೆ.

"ಅಲ್ಲಾಡೋ ಹಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ತಾಯಿ?"

ಥೂ, ಏನಂದುಬಿಟ್ಟೆ! ಅವಳು ನಾಲಿಗೆ ಕಚ್ಚಿಕೊಂಡು ಮೇಲೆ ನೋಡಿದಳು. ಅವನು ನಗುತ್ತಿದ್ದ. ಎಡ ಹುಬ್ಬಿನ ಮೇಲೆ ಸುಟ್ಟ ಕಲೆ. ನಕ್ಕರೆ ಆ ಹುಬ್ಬು ಮಾತ್ರ ಮೇಲೇಳುತ್ತಿರಲಿಲ್ಲ. ಏಳದ ಆ ಹುಬ್ಬನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಅವನು ಲೈನ್‌ಮನ್. ಕಂಬ ಹತ್ತಿ ತಂತಿ ಸರಿಮಾಡುವ ಕೆಲಸ. ಒಂದು ದಿನ ಕೆಳಗಿದ್ದವನು "ಲೈನ್ ಆಫ್ ಆಗಿದೆ, ಮುಟ್ಟು" ಅಂದ. ಇವನು ನಂಬಿ ಮುಟ್ಟಿದ. ಆಫ್ ಆಗಿರಲಿಲ್ಲ. ಕಂಬದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಸೊಂಟದ ಕೆಳಗೆ ಎಲ್ಲ ನಿಂತುಹೋಯಿತು.

ಅವಳು ಆ ಲ್ಯಾಬಿನ ಇಂಜಿನಿಯರ್. ಸೊಂಟಕ್ಕಿಂತ ಮೇಲೆ, ಬೆನ್ನಿಗೆ ಪ್ಯಾಡ್ ಅಂಟಿಸಿ ಬೆನ್ನುಹುರಿಗೆ ಸಣ್ಣ ಕರೆಂಟ್ ಕೊಡುವ ಯಂತ್ರ ಅವಳ ಕೈಯಲ್ಲೇ ತಯಾರಾದದ್ದು. ಕರೆಂಟ್ ಕೊಡುತ್ತಾ, ಬೆಲ್ಟಿನಲ್ಲಿ ತೂಗುಹಾಕಿ ಲ್ಯಾಬಿನ ನಡಿಗೆ ಹಾದಿಯಲ್ಲಿ ನಡೆಸಿದರೆ, ಮಲಗಿದ ನರ ಏಳುತ್ತದೆಯೇ ಎಂದು ನೋಡುವುದು ಪ್ರಯೋಗ.

ಯಂತ್ರದ ಹಸಿರು ದೀಪ ಹತ್ತಿದಾಗಲೆಲ್ಲ ಅವನು ಕೇಳುತ್ತಿದ್ದ, "ಕರೆಂಟ್ ಇದೆಯಾ ಮೇಡಮ್?" ಅದು ಕಸುಬಿನಿಂದ ಬಂದ ಅಭ್ಯಾಸ.

"ಇದೆ."

"ಹೂಂ, ಗೊತ್ತಾಗ್ತಿದೆ. ಜುಮ್ ಅಂತಿದೆ. ಕಂಬ ಹತ್ತೋನಿಗೆ ಕರೆಂಟ್ ಪರಿಚಯ ಮಾಡಿಸ್ಬೇಕಾ?"

ಕರ್ಮ ಇರುವುದು ಇಲ್ಲೇ. ಆ ಪ್ರಯೋಗದಲ್ಲಿ ಅರ್ಧ ಜನಕ್ಕೆ ನಿಜವಾದ ಕರೆಂಟು, ಇನ್ನರ್ಧ ಜನಕ್ಕೆ ಸುಳ್ಳು ಕರೆಂಟು. ಸುಳ್ಳಿನವರಿಗೆ ಯಂತ್ರ ಮೊದಲು ಸ್ವಲ್ಪ ಜುಮ್ಮೆನ್ನಿಸಿ ಆಮೇಲೆ ಸದ್ದಿಲ್ಲದೆ ನಿಂತುಬಿಡುತ್ತದೆ. ದೀಪ ಮಾತ್ರ ಹಸಿರಾಗಿಯೇ ಉರಿಯುತ್ತದೆ. ಎರಡು ಗುಂಪನ್ನು ಹೋಲಿಸದೆ ಚಿಕಿತ್ಸೆಯ ಗುಣ ತಿಳಿಯುವುದಿಲ್ಲವಂತೆ. ಸಹಿ ಹಾಕಿಸುವಾಗ ಇದನ್ನು ಎಲ್ಲರಿಗೂ ಹೇಳಿರುತ್ತಾರೆ, ಆದರೆ ತಾನೇ ಆ ನತದೃಷ್ಟ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಲಾಟರಿ ಎತ್ತಿದ್ದು ಕಂಪ್ಯೂಟರು. ಯಾರು ಯಾವ ಗುಂಪು ಎಂದು ಡಾಕ್ಟರಿಗೂ ಗೊತ್ತಿಲ್ಲ, ನಡೆಸುವ ಫಿಸಿಯೋಗೂ ಗೊತ್ತಿಲ್ಲ. ಯಂತ್ರ ಸೆಟ್ ಮಾಡುವ ಅವಳೊಬ್ಬಳಿಗೇ ಗೊತ್ತು.

ಅವನದು ಸುಳ್ಳು ಕರೆಂಟು.

ಮೊದಮೊದಲು ಅದು ಬರೀ ಕೆಲಸವಾಗಿತ್ತು. ಆಮೇಲೆ ಅವಳು ಅವನ ಸರದಿಯ ದಿನ ಕನ್ನಡಿಯ ಮುಂದೆ ನಿಲ್ಲುವುದು ಜಾಸ್ತಿಯಾಯಿತು. ಗುಂಡು ಅಂಟಿಸುವಾಗ ಬಾಗಿದ ಅವಳ ಕೂದಲು ಮುಖಕ್ಕೆ ಬಿದ್ದರೆ ಅವನು ಮೆಲ್ಲಗೆ ಹೇಳುತ್ತಿದ್ದ, "ಮೇಡಮ್, ನಿಮ್ಮ ಕೂದಲು ನನ್ನ ಮಂಡಿ ಮೇಲೆ ಬಿದ್ದಿದೆ. ಕಣ್ಣಿಗೆ ಕಾಣ್ತಿದೆ, ಮಂಡಿಗೆ ಗೊತ್ತಾಗ್ತಿಲ್ಲ. ಎಂಥ ಅನ್ಯಾಯ ನೋಡಿ."

"ಬಾಯಿ ಮುಚ್ಚಿ ಕೂತ್ಕೊಳ್ಳಿ," ಎನ್ನುವಳು. ಕಿವಿ ಕೆಂಪಗಾಗುತ್ತಿತ್ತು. ಅದನ್ನೂ ಅವನು ನೋಡಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಪರದೆಯ ಮೇಲೆ ಅವನ ಬಲಗಾಲ ಹೆಬ್ಬೆರಳಿನ ಚುಕ್ಕೆ ಕೂದಲೆಳೆಯಷ್ಟು ಅಲುಗಿತು. ಮತ್ತೆ ಅಲುಗಿತು. ಫಿಸಿಯೋ ಚಪ್ಪಾಳೆ ತಟ್ಟಿದಳು. ಅವನಿಗೆ ಬೆವರು, ನಗು, ಕಣ್ಣೀರು ಎಲ್ಲ ಒಟ್ಟಿಗೇ ಬಂದವು.

"ನೋಡಿದ್ರಾ ನಿಮ್ಮ ಕರೆಂಟಿನ ಮಹಿಮೆ!"

ಕರೆಂಟ್ ನಿಂತು ಎಷ್ಟೋ ಹೊತ್ತಾಗಿತ್ತು.

"ಈ ನಡಿಗೆ ಹಾದಿಯ ಆ ತುದೀಲಿ ನಿಮ್ಮ ಟೇಬಲ್ ಇದೆಯಲ್ಲ," ಅಂದ ಅವನು, ಫಿಸಿಯೋ ಅತ್ತ ಹೋದಮೇಲೆ. "ಒಂದಿನ ಅಲ್ಲಿವರೆಗೆ ನಡ್ಕೊಂಡು ಬರ್ತೀನಿ. ಬಂದು ಒಂದು ಮಾತು ಕೇಳ್ತೀನಿ."

"ಕೂತೇ ಕೇಳಿ."

"ಊಹೂಂ. ಅದನ್ನ ನಿಂತೇ ಕೇಳ್ಬೇಕು."

ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. "ಆಯ್ತು, ಕಾಯ್ತೀನಿ," ಎಂದಳು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು, ಸದ್ದು ಕೇಳಿಸದ ಹಾಗೆ ಅತ್ತಳು.

ಅವನನ್ನು ಕರೆತರುತ್ತಿದ್ದವಳು ಅವನ ಅಕ್ಕ. ಗಟ್ಟಿ ಹೆಂಗಸು, ತಮ್ಮನ ಜೊತೆಗೆ ಮನೆಯನ್ನೂ ಹೊತ್ತವಳು. ಒಂದು ದಿನ ಕಾರಿಡಾರಿನಲ್ಲಿ ಅಕ್ಕ ಅವಳ ಕೈ ಹಿಡಿದುಕೊಂಡಳು.

"ಮೇಡಮ್, ಇವನಿಗೆ ದೊಡ್ಡ ಆಸ್ಪತ್ರೇಲಿ ಜಾಗ ಸಿಕ್ಕಿದೆ. ಅಲ್ಲೇ ಇಟ್ಕೊಂಡು ದಿನವಿಡೀ ಚಿಕಿತ್ಸೆ ಕೊಡ್ತಾರೆ. ಈ ವಾರ ಹೂಂ ಅನ್ನದಿದ್ರೆ ಬೇರೆಯವರಿಗೆ ಹೋಗುತ್ತೆ. ಇವನು ಸುತರಾಂ ಒಪ್ತಿಲ್ಲ. ಇಲ್ಲಿಯ ಕರೆಂಟಿಂದಲೇ ಬೆರಳು ಅಲ್ಲಾಡ್ತು, ಬಿಟ್ಟುಹೋದ್ರೆ ಎಲ್ಲ ಹಾಳಾಗುತ್ತೆ ಅಂತ ಹಟ. ಹೌದಾ ಮೇಡಮ್? ನೀವು ಹೌದು ಅಂದ್ರೆ ನಾನು ಸುಮ್ನಾಗ್ತೀನಿ."

ಹೌದು ಅನ್ನಲು ಬಾಯಿ ಬರಲಿಲ್ಲ. ಇಲ್ಲ ಅನ್ನುವ ಹಕ್ಕೂ ಅವಳಿಗೆ ಇರಲಿಲ್ಲ.

ಪ್ರಯೋಗ ನಡೆಸುತ್ತಿದ್ದ ಡಾಕ್ಟರ ಬಳಿ ಹೋದಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಹೋಗೋರನ್ನ ನಾವು ಹಿಡ್ಕೊಂಡಿಲ್ಲಮ್ಮ. ಆದ್ರೆ ಗುಂಪು ಯಾವುದು ಅಂತ ನೀನು ಬಾಯಿ ಬಿಟ್ರೆ ಇಷ್ಟೂ ಜನರ ಶ್ರಮ ನೀರುಪಾಲು. ಆಮೇಲೆ ನಿನ್ನನ್ನ ಇಲ್ಲಿ ಇಟ್ಕೊಳ್ಳೋಕೆ ನನ್ನಿಂದ ಆಗಲ್ಲ."

ಮುಂದಿನ ಸರದಿಗೆ ಅವನು ಬಂದ. ಪ್ಯಾಡ್ ಅಂಟಿಸಿದಳು, ಗುಂಡು ಅಂಟಿಸಿದಳು. ಹಸಿರು ದೀಪ ಹತ್ತಿತು.

"ಕರೆಂಟ್ ಇದೆಯಾ ಮೇಡಮ್?"

"ಇಲ್ಲ."

ಅವನು ನಕ್ಕ. "ಜುಮ್ ಅಂತಿದೆಯಲ್ಲ!"

"ಅದು ಈಗ ನಿಂತುಹೋಗುತ್ತೆ. ನಿಮಗೆ ಯಾವತ್ತೂ ಇರಲಿಲ್ಲ. ನಿಮ್ಮದು ಸುಳ್ಳಿನ ಗುಂಪು. ಆ ಆಸ್ಪತ್ರೆಗೆ ಹೋಗಿ. ದಯವಿಟ್ಟು ಹೋಗಿ."

ನಗು ಅವನ ಮುಖದಲ್ಲೇ ಸ್ವಲ್ಪ ಹೊತ್ತು ಹಾಗೇ ಉಳಿಯಿತು, ತೆಗೆಯುವುದನ್ನು ಮರೆತವನಂತೆ.

"ಅಲ್ಲಿ ಕಂಬದ ಕೆಳಗೊಬ್ಬ ಇಲ್ಲ ಅಂದ, ಇತ್ತು," ಎಂದ ಕೊನೆಗೆ. "ಇಲ್ಲಿ ನೀವು ಇದೆ ಅಂದ್ರಿ, ಇರಲಿಲ್ಲ. ಎರಡು ಸಲಾನೂ ನಂಬಿದೆ. ಇಷ್ಟು ವರ್ಷ ಕಂಬ ಹತ್ತಿದೋನಿಗೆ ಅಷ್ಟೂ ತಿಳೀಲಿಲ್ವಲ್ಲ!"

"ಬೆರಳು ಅಲ್ಲಾಡಿದ್ದು ಸುಳ್ಳಲ್ಲ. ಅದು ನಿಮ್ಮದೇ ಶಕ್ತಿ."

"ಹೌದಾ? ನೋಡೋಣ."

ಅವನು ಹಲ್ಲು ಕಚ್ಚಿದ. ಕುತ್ತಿಗೆಯ ನರ ಉಬ್ಬಿತು, ಹಣೆಯಿಂದ ಬೆವರಿಳಿಯಿತು. ಪರದೆಯ ಮೇಲಿನ ಚುಕ್ಕೆ ಅಲುಗಲಿಲ್ಲ. ಮತ್ತೆ ಪ್ರಯತ್ನಿಸಿದ. ಅಲುಗಲಿಲ್ಲ. ಅವಳು ಆ ಚುಕ್ಕೆಯನ್ನು ಒಳಗೊಳಗೇ ಬೇಡಿಕೊಂಡಳು.

"ನೋಡಿ," ಎಂದ ಏದುಸಿರು ಬಿಡುತ್ತಾ. "ಸುಳ್ಳಾದ್ರೂ ನಂಬಿಕೆ ಇದ್ದಾಗ ಅಲ್ಲಾಡ್ತಿತ್ತು. ಗುಂಡು ತೆಗೀರಿ."

ಒಂದೊಂದಾಗಿ ತೆಗೆದಳು. ಟೇಪು ಎಳೆದ ಜಾಗ ಕೆಂಪಾಗಿ ಉಳಿಯಿತು. ಅವನು ಕಿಟಕಿಯ ಕಡೆ ನೋಡುತ್ತಿದ್ದ.

ಅಂದು ಸಂಜೆಯೇ ಅವಳು ಡಾಕ್ಟರಿಗೆ ತಾನೇ ಹೇಳಿದಳು. ಅವರು ಬೈಯಲಿಲ್ಲ, ವಾರದ ಕೊನೆಗೆ ಟೇಬಲ್ ಖಾಲಿ ಮಾಡು ಎಂದರು.

ವಾರದ ಕೊನೆಗೆ ಅವಳು ಸ್ಕ್ರೂಡ್ರೈವರು, ಟೀ ಲೋಟ, ಚಾರ್ಜರು ರಟ್ಟಿನ ಡಬ್ಬಿಗೆ ತುಂಬುತ್ತಿದ್ದಾಗ ಗಾಲಿಕುರ್ಚಿಯ ಸದ್ದಾಯಿತು. ಅಕ್ಕ ಅವನ ಕುರ್ಚಿಯನ್ನು ನಡಿಗೆ ಹಾದಿಯ ಇನ್ನೊಂದು ತುದಿಯಲ್ಲಿ ನಿಲ್ಲಿಸಿ, "ಗಾಡಿ ಕಾಯ್ತಿದೆ, ಬೇಗ ಮುಗಿಸು," ಎಂದು ಬಾಗಿಲಿಗೆ ಹೋಗಿ ನಿಂತಳು.

"ಆ ಆಸ್ಪತ್ರೆಗೆ ಹೊರಟಿದ್ದೀನಿ," ಎಂದ. "ಅಲ್ಲಿನ ಡಾಕ್ಟರು ರಿಪೋರ್ಟ್ ನೋಡಿದ್ರು. ನಡೆಯೋ ಆಸೆ ಇಟ್ಕೋಬೇಡಿ, ನಿಮ್ಮ ಕೆಲಸ ನೀವೇ ಮಾಡ್ಕೊಳ್ಳೋ ಹಾಗೆ ಮಾಡ್ತೀವಿ ಅಂದ್ರು."

ಅವಳು ಕೈಯಲ್ಲಿದ್ದ ಲೋಟವನ್ನು ಡಬ್ಬಿಗಿಟ್ಟಳು. "ನನ್ನ ಮೇಲೆ ಕೋಪ ಹೋಯ್ತಾ?"

"ಇಲ್ಲ. ಇದೆ. ಒಂದು ಹೇಳಿ. ನಡ್ಕೊಂಡು ಬಂದು ಕೇಳ್ತೀನಿ ಅಂದಾಗ, ಕರೆಂಟ್ ಸುಳ್ಳು, ಬರೋಕಾಗಲ್ಲ ಅಂತ ನಿಮಗೆ ಗೊತ್ತಿತ್ತು. ಆದ್ರೂ ಕಾಯ್ತೀನಿ ಅಂದ್ರಿ. ಯಾಕೆ?"

"ಕೂತೇ ಕೇಳಿ ಅಂತಲೂ ಅಂದಿದ್ದೆ. ನೀವು ಕಿವಿಗೆ ಹಾಕ್ಕೊಳ್ಳಲಿಲ್ಲ."

ಅವನು ತನ್ನ ಮಂಡಿಗಳನ್ನು ನೋಡಿದ. ಆಮೇಲೆ, "ಇಲ್ಲಿಂದ ಕೂಗಿ ಕೇಳೋ ಮಾತಲ್ಲ ಅದು. ನೀವೇ ಬನ್ನಿ," ಎಂದ.

ಅವಳು ಚಪ್ಪಲಿ ಬಿಟ್ಟು ಆ ಹಾದಿಗಿಳಿದಳು. ಎಷ್ಟೋ ಜನ ಬೆಲ್ಟಿನಲ್ಲಿ ಜೋತುಬಿದ್ದು, ಅಳುತ್ತಾ ದಾಟಿದ ಹಾದಿ. ಅವಳ ಕಾಲುಗಳು ಸಲೀಸಾಗಿ ನಡೆದವು, ಅದಕ್ಕೇ ಅವಳಿಗೆ ಸಂಕಟವಾಯಿತು. ಮೊದಲ ದಿನದ ಹಾಗೆಯೇ ಅವನ ಮುಂದೆ ಮಂಡಿಯೂರಿ, ಪಾದದ ಮೇಲೆ ಅಂಗೈ ಇಟ್ಟಳು.

"ಗೊತ್ತಾಗ್ತಿದೆಯಾ?"

"ಇಲ್ಲ," ಎಂದ. "ಇಲ್ಲಿ ಕೊಡಿ." ಅವಳ ಕೈ ಎತ್ತಿ ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡ. ತಂತಿ ಎಳೆದೆಳೆದು ಒರಟಾದ ಕೈ. ಬಾಗಿ, ಅವಳ ಕಿವಿಗಷ್ಟೇ ಕೇಳಿಸುವಂತೆ, ಇಷ್ಟು ದಿನ ಕಾಯಿಸಿದ ಮಾತನ್ನು ಕೇಳಿದ.

ಬಾಗಿಲಿಂದ ಅಕ್ಕನ ದನಿ ಬಂತು. "ಕೇಳಿದ್ಯೇನೋ?"

ಅವನು ತಲೆ ಆಡಿಸಿದ.

"ಏನಂದ್ಲು?"

ಕೈ ಬಿಡಿಸಿಕೊಳ್ಳದೆ ಅವಳೇ ಬಾಗಿಲ ಕಡೆ ತಿರುಗಿದಳು.

"ಹೂಂ ಅಂದೆ, ಅಕ್ಕಾ."