ಹೊಲಿಗೆಯಮ್ಮ ಕೊಟ್ಟ ದೂರು

"ನಮ್ಮಮ್ಮ ನನ್ನ ಹತ್ರ ಮಾತು ಬಿಟ್ಟಿದ್ದಾಳೆ ಟೀಚರಮ್ಮ. ಬೆಳಿಗ್ಗೆಯಿಂದ ದೇವರ ಹತ್ರ ಮಾತ್ರ ಮಾತಾಡ್ತಿದ್ದಾಳೆ."

ಬಾಗಿಲಲ್ಲೇ ನಿಂತು ಇಷ್ಟು ಹೇಳಿದ ಆ ಯುವತಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಟೀಚರಮ್ಮನ ತಮ್ಮ ಓದುತ್ತಿದ್ದ ಪತ್ರಿಕೆ ಬಿಟ್ಟು ಎದ್ದು ಕುರ್ಚಿ ಎಳೆದು ಹಾಕಿದ. ಮೂವತ್ತು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತನಾದವನು ಅವನು. ಅಳುವವರನ್ನು ಬಾಗಿಲಲ್ಲಿ ನಿಲ್ಲಿಸಿ ಗೊತ್ತಿಲ್ಲದವನು. ಅವನ ಅಕ್ಕ ಮಾತ್ರ ಕೂತಲ್ಲಿಂದ ಏಳಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸಿದ ಈ ಟೀಚರಮ್ಮನ ಮುಂದೆ ಈಗ ಊರಿನ ಕಳವು, ಸುಳ್ಳು ಸಹಿ, ಹೆಸರಿಲ್ಲದ ಪತ್ರಗಳ ರಗಳೆಗಳೆಲ್ಲ ಬಂದು ಬೀಳುತ್ತಿದ್ದವು. ಠಾಣೆಯವರು ಸಹ ಅವಳ ಮಾತಿಗೆ ಕಿವಿಗೊಡುತ್ತಿದ್ದರು. ಅವಳ ಕೈಚೀಲ ಹೊರುವುದೇ ತಮ್ಮನ ಈಗಿನ ಉದ್ಯೋಗ, ಅದರಲ್ಲಿ ಅವನಿಗೆ ಎಲ್ಲಿಲ್ಲದ ಹೆಮ್ಮೆ.

"ಮೊದಲು ಮೂಗು ಒರೆಸ್ಕೋ," ಅಂದಳು ಅಕ್ಕ. "ಆಮೇಲೆ ಮೊದಲಿಂದ ಹೇಳು."

ಯುವತಿಯ ತಾಯಿ ಪುಸ್ತಕ ಬೈಂಡಿಂಗ್ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಳೆ ಹೊಲಿಯುವವಳು. ಎಲ್ಲರಿಗೂ ಆಕೆ ಹೊಲಿಗೆಯಮ್ಮ. ಗ್ರಂಥಾಲಯದ ಹಳೆಯ ಪ್ರವಾಸದ ಪುಸ್ತಕವೊಂದು ಹೊಸ ರಟ್ಟಿಗಾಗಿ ಅಲ್ಲಿಗೆ ಬಂದಿತ್ತು. ಅದರಲ್ಲಿ ಕೈಯಿಂದ ಬಣ್ಣ ತುಂಬಿದ ಒಂದು ನಕ್ಷೆ. ಬೇರೆಲ್ಲೂ ಅದರ ಇನ್ನೊಂದು ಪ್ರತಿ ಇಲ್ಲ. ನಿನ್ನೆ ಸಂಜೆ ಕೆಲಸ ಮುಗಿದು, ಗ್ರಂಥಪಾಲಕರು ತಾವೇ ಬಂದು ಪುಸ್ತಕ ಒಯ್ದಿದ್ದರು. ಇಂದು ಬೆಳಿಗ್ಗೆ, ಕಾರ್ಖಾನೆಯಲ್ಲಿ ಕಟ್ಟಿಕೊಟ್ಟಿದ್ದ ಪೊಟ್ಟಣವನ್ನು ಹಾಗೆಯೇ ಹಿಡಿದು ಬಂದು, ಒಳಗಿನ ಹಾಳೆ ನೋಡಬೇಕೆಂದು ಎಲ್ಲರೆದುರು ಬಿಚ್ಚಿಸಿದರು. ನಕ್ಷೆ ಇರಲಿಲ್ಲ.

"ಹರಿದ ಗುರುತೇ ಇಲ್ವಂತೆ. ಹಾಗಾಗಿ ಅಮ್ಮ ಅದನ್ನ ಒಳಗೆ ಸೇರಿಸೇ ಇಲ್ಲ, ಮೊದಲೇ ಎತ್ತಿಟ್ಕೊಂಡಿದ್ದಾಳೆ ಅಂತಾರೆ ಯಜಮಾನರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋದಾಗ ಅಮ್ಮ ಒಬ್ಬಳೇ ಒಳಗಿರ್ತಾಳೆ. ಪ್ರಾರ್ಥನೆ ಮಾಡೋಕೆ. ಈಗ ಅದೇ ಅವಳಿಗೆ ಮುಳುವಾಗಿದೆ. ನಾಲ್ಕು ಗಂಟೆಗೆ ಪೊಲೀಸರು ಬಂದು ಮನೆ ಶೋಧಿಸ್ತಾರಂತೆ."

"ಅಮ್ಮ ನಿನ್ನ ಹತ್ರ ಯಾಕೆ ಮಾತು ಬಿಟ್ಳು?"

ಯುವತಿ ತಲೆ ತಗ್ಗಿಸಿದಳು. "ನನ್ನನ್ನೂ ಕರೆಸಿದ್ರು. ಅಷ್ಟು ಜನರನ್ನ ನೋಡಿ ಹೆದರಿಬಿಟ್ಟೆ. ಎಲ್ಲರ ಮುಂದೆ ಕೇಳಿಬಿಟ್ಟೆ, ನಿಜವಾ ಅಮ್ಮ ಅಂತ."

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಗಡಿಯಾರದಲ್ಲಿ ಹನ್ನೊಂದೂವರೆಯಾಗಿತ್ತು.

ಕಾರ್ಖಾನೆಯೆಂದರೆ ಒಂದು ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಹೊಲಿಗೆಯ ಮೇಜು, ನಡುವೆ ಹಾಳೆ ಕತ್ತರಿಸುವ ಯಂತ್ರ, ಬಣ್ಣದ ಬಟ್ಟಲುಗಳು, ಇನ್ನೊಂದು ತುದಿಯಲ್ಲಿ ಪುಸ್ತಕ ಅದುಮಿಡುವ ಕಬ್ಬಿಣದ ಪ್ರೆಸ್ಸು. ಅಂಟಿನ ಹುಳಿ ವಾಸನೆ ಗೋಡೆಗೇ ಹಿಡಿದುಬಿಟ್ಟಿತ್ತು. ಗ್ರಂಥಪಾಲಕರು ಕಿಟಕಿಯ ಬಳಿ ಕೈಕಟ್ಟಿ ಕುಳಿತಿದ್ದರು. ಊರಿನಲ್ಲಿ ಅವರನ್ನು ಕಂಡರೆ ಎದ್ದು ನಿಲ್ಲುವಷ್ಟು ಗೌರವ. ಅಂಚಿಗೆ ಬಣ್ಣ ಹಚ್ಚುವ ಬಣ್ಣದಣ್ಣ ಯಾರ ಮುಖವನ್ನೂ ನೋಡದೆ ಕುಂಚ ತೊಳೆಯುತ್ತಿದ್ದ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ಇವನ ಮೇಲೊಂದು ಕಣ್ಣಿಡಬೇಕು ಎಂದು ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡ ತಮ್ಮ.

"ನೀವು ಬಂದಿದ್ದು ಒಳ್ಳೇದಾಯ್ತು ಟೀಚರಮ್ಮ," ಅಂದರು ಯಜಮಾನರು. "ಆದ್ರೆ ಪತ್ತೆ ಮಾಡೋಕೆ ಇಲ್ಲೇನೂ ಉಳಿದಿಲ್ಲ. ಅಲ್ಲಿ ನೋಡಿ, ಕದಿಯೋವಾಗ ನೆನಪಿಲ್ಲದ ದೇವರು ಈಗ ನೆನಪಾಗಿದ್ದಾನೆ."

ರಟ್ಟಿನ ರಾಶಿಯ ಆಚೆ, ಗೋಡೆಯ ಕಡೆ ಮುಖ ಮಾಡಿ ಹೊಲಿಗೆಯಮ್ಮ ಕುಳಿತಿದ್ದಳು. ಅಕ್ಕ ತುಟಿಯ ಮೇಲೆ ಬೆರಳಿಟ್ಟು ತಮ್ಮನನ್ನು ರಾಶಿಯ ಈಚೆಗೆ ನಿಲ್ಲಿಸಿಕೊಂಡಳು. ಇಂಥದನ್ನು ಕದ್ದು ಕೇಳುವುದು ಅವನಿಗೆ ಸರಿಬರಲಿಲ್ಲ, ಆದರೂ ಕೇಳಿಸಿತು.

"ನೀನು ಇಲ್ಲೇ ಇದ್ದೆಯಲ್ಲ ದೇವರೇ. ಆ ನೀಲಿ ನದಿ ಇರೋ ನಕ್ಷೆ, ಮೂಲೆ ಮುದುಡಿತ್ತು, ಬೆರಳಲ್ಲಿ ತೀಡಿ ಸರಿಮಾಡಿದೆ. ಎಂಬತ್ತೆಂಟನೇ ಪುಟದ ಬುಡಕ್ಕೆ, ಹೊಲಿಗೆ ಪಕ್ಕದಲ್ಲೇ ಅಂಟಿಸಿದೆ. ಚೆನ್ನಾಗಿದೆ ಅಲ್ವಾ ಅಂತ ನಿನ್ನನ್ನೇ ಕೇಳಿದ್ದೆ. ನೋಡಿದವನು ನೀನೊಬ್ಬನೇ, ಈಗ ಸುಮ್ಮನಿದ್ದೀಯ. ನಿನ್ನ ಮೇಲೂ ಕೋಪ ಬಂದಿದೆ ನನಗೆ. ಆದ್ರೂ ಇನ್ಯಾರ ಹತ್ರ ಹೋಗ್ಲಿ, ಹೇಳು? ನೀನೇ ಎದ್ದು ಬಾ. ನನ್ನ ಪರವಾಗಿ ಒಂದು ಮಾತು ಆಡು."

ಅಕ್ಕ ತಮ್ಮನ ತೋಳು ಹಿಡಿದು ಈಚೆ ಕರೆತಂದಳು.

"ನೀನು ದೇವರನ್ನ ನಂಬೋದಿಲ್ವಲ್ಲ ಅಕ್ಕ," ಅಂದ ಅವನು ಮೆಲ್ಲಗೆ.

"ನಂಬೋಳನ್ನ ನಂಬ್ತೀನಿ. ಯಾರೂ ಕೇಳ್ತಿಲ್ಲ ಅಂದ್ಕೊಂಡು, ಗೋಡೆ ಕಡೆ ತಿರುಗಿ, ದೇವರಿಗೆ ಯಾರಾದ್ರೂ ಸುಳ್ಳು ಹೇಳ್ತಾರೇನೋ? ಅವಳು ಅಂಟಿಸಿದ್ದಾಳೆ. ಆದ್ರೆ ಇದು ನನಗೆ ಸಾಕು, ಪೊಲೀಸರಿಗೆ ಸಾಲದು. ಪುಸ್ತಕ ತರಿಸು."

ಅಕ್ಕ ಯಜಮಾನರಿಂದ ಕೆಲಸದ ಕ್ರಮ ಕೇಳಿ ತಿಳಿದುಕೊಂಡಳು. ಮೊದಲು ಹೊಲಿಗೆ, ಅದರ ಜೊತೆಗೇ ನಕ್ಷೆಯಂಥ ಬಿಡಿ ಹಾಳೆಗಳನ್ನು ಬುಡದಲ್ಲಿ ಸಣ್ಣಗೆ ಅಂಟು ಸವರಿ ಕೂರಿಸುವುದು. ಆಮೇಲೆ ಅಂಚು ಕತ್ತರಿಸಿ ಕೆಂಪು ಬಣ್ಣ. ಆಮೇಲೆ ರಟ್ಟು. ಕೊನೆಗೆ ಎರಡು ದಿನ ಪ್ರೆಸ್ಸು.

"ನಮ್ಮ ಪ್ರೆಸ್ಸಿನಿಂದ ಬಂದ ಹಾಳೆ ಇಸ್ತ್ರಿ ಹಾಕಿದ ಹಾಗಿರುತ್ತೆ," ಅಂದರು ಯಜಮಾನರು, ಆ ಸಂಕಟದಲ್ಲೂ ಎದೆಯುಬ್ಬಿಸಿ. "ನಿನ್ನೆ ಸಂಜೆ ಈ ಸಾಹೇಬರ ಎದುರಿಗೇ ಹೊರಗೆ ತೆಗೆದೆ. ರಟ್ಟು ನೋಡಿ ಒಪ್ಪಿದ್ರು. ನಾವೆಲ್ಲ ನಿಂತಿದ್ದ ಹಾಗೇ ಕಾಗದ ಸುತ್ತಿ ಕಟ್ಟಿಕೊಟ್ಟೆ."

"ಒಳಗಿನ ಹಾಳೆ?"

"ಅದನ್ನ ನೋಡಲಿಲ್ಲ," ಅಂದರು ಯಜಮಾನರು. ಗ್ರಂಥಪಾಲಕರೂ ಇಲ್ಲವೆಂದು ತಲೆಯಾಡಿಸಿದರು.

ಅಕ್ಕ ಎಂಬತ್ತೆಂಟನೇ ಪುಟ ತೆರೆದು, ಹೊಲಿಗೆಯ ಬುಡವನ್ನು ಭೂತಗನ್ನಡಿಯಲ್ಲಿ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಮ್ಮನ ಬೆರಳು ಹಿಡಿದು ಅಲ್ಲಿಟ್ಟಳು. "ಏನನ್ಸುತ್ತೆ?"

"ನೆನೆದು ಒಣಗಿದ ಕಾಗದ," ಅಂದ ಅವನು ತಕ್ಷಣ. ಮಳೆಗಾಲದ ಅಂಚೆಚೀಲ ಹೊತ್ತವನಿಗೆ ಆ ಸುಕ್ಕು ಚೆನ್ನಾಗಿ ಗೊತ್ತು. ಬುಡದಲ್ಲಿ ಮಾತ್ರ ಹಾಳೆ ಅಲೆಅಲೆಯಾಗಿತ್ತು. ಬುಡದ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಒಂದೊಂದು ತೆಳು ಗುಲಾಬಿ ಕಲೆ, ಉಗುರಿನಷ್ಟು. ಉಳಿದ ಪುಟಗಳಲ್ಲಿ ಸುಕ್ಕೂ ಇಲ್ಲ, ಕಲೆಯೂ ಇಲ್ಲ.

"ಎರಡೂವರೆಗೆ ಎಲ್ಲರೂ ಈ ಮೇಜಿನ ಸುತ್ತ ಕೂರಬೇಕು," ಅಂದಳು ಅಕ್ಕ. "ಅಷ್ಟರಲ್ಲಿ ನನಗೊಂದು ಕೆಂಪಂಚಿನ ರದ್ದಿ ಪುಸ್ತಕ ಬೇಕು, ಅದರಲ್ಲಿ ಬಿಡಿ ಹಾಳೆ ಅಂಟಿಸಿರಬೇಕು. ಜೊತೆಗೆ ಒಂದು ಮಾರು ನೂಲು, ಒಂದು ಲೋಟ ನೀರು."

ಎರಡೂವರೆಗೆ ಎಲ್ಲರೂ ಕುಳಿತರು. ಮಗಳು ಬಾಗಿಲಾಚೆಯೇ ನಿಂತಿದ್ದಳು, ಒಳಗೆ ಕಾಲಿಡಲು ಅವಳಿಗೆ ಧೈರ್ಯ ಬರಲಿಲ್ಲ. ಹೊಲಿಗೆಯಮ್ಮ ಕಣ್ಣೆತ್ತಿ ಆ ಕಡೆ ನೋಡಲೂ ಇಲ್ಲ. ರದ್ದಿ ಪುಸ್ತಕ ಮೇಜಿನ ನಡುವೆ ಮುಚ್ಚಿಕೊಂಡಿತ್ತು. ಅದರ ತುದಿಯಿಂದ ಒದ್ದೆ ನೂಲು ಇಣುಕುತ್ತಿತ್ತು.

"ಈ ನೂಲನ್ನ ನೆನೆಸಿ, ಒಂದು ಗಂಟೆ ಹಿಂದೆ ಅಂಟಿಸಿದ ಹಾಳೆಯ ಬುಡಕ್ಕೆ ಇಟ್ಟೆ," ಅಂದಳು ಅಕ್ಕ. ಪುಸ್ತಕ ತೆರೆದು ನೂಲು ತೆಗೆದಳು. ಅಂಟಿಸಿದ್ದ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿದಳು. ಅದು ಸದ್ದಿಲ್ಲದೆ ಎದ್ದು ಬಂತು. ಬುಡದಲ್ಲಿ ಚೂರೂ ಉಳಿದಿರಲಿಲ್ಲ.

"ಒದ್ದೆ ನೂಲು ಅಂಟನ್ನ ಕರಗಿಸುತ್ತೆ, ಕತ್ತರಿ ಬೇಕಾಗಿಲ್ಲ. ಹಾಗಾಗಿ, ಗುರುತಿಲ್ಲ ಅಂದ ಮಾತ್ರಕ್ಕೆ ನಕ್ಷೆ ಒಳಗೆ ಸೇರಿರಲೇ ಇಲ್ಲ ಅನ್ನೋ ಹಾಗಿಲ್ಲ. ಈಗ ತುದಿ ನೋಡಿ."

ರದ್ದಿ ಪುಸ್ತಕದ ಬುಡದಲ್ಲೂ ಮೇಲೆ ಕೆಳಗೆ ಗುಲಾಬಿ ಕಲೆ ಇಳಿದಿತ್ತು.

"ಅಂಚಿನ ಬಣ್ಣ ನೀರಿಗೆ ಬಿಟ್ಟಿದೆ. ಗ್ರಂಥಾಲಯದ ಪುಸ್ತಕದಲ್ಲೂ ಇದೇ ಕಲೆ ಇದೆ. ಅಂದ್ರೆ ಅಂಚಿಗೆ ಬಣ್ಣ ಬಿದ್ದ ಮೇಲೆ ನೂಲು ಇಟ್ಟಿದ್ದಾರೆ. ಅಷ್ಟು ಹೊತ್ತಿಗೆ ಪುಸ್ತಕ ಹೊಲಿಗೆಯಮ್ಮನ ಮೇಜು ಬಿಟ್ಟಾಗಿತ್ತು."

ಎಲ್ಲರ ಕಣ್ಣೂ ಬಣ್ಣದಣ್ಣನ ಕಡೆ ತಿರುಗಿದವು. ಅವನು ಬೆವರಿ ಹೋದ. "ನಾನಲ್ಲ ಟೀಚರಮ್ಮ! ಆಯಮ್ಮನ ಪರವಾಗಿ ಮಾತಾಡಲಿಲ್ವಲ್ಲ ಅಂತ ನಾಚಿಕೆಯಾಗಿ ಮುಖ ಎತ್ತಲಿಲ್ಲ, ಅಷ್ಟೇ."

"ನೀನಲ್ಲ. ನೀನು ಬಣ್ಣ ಹಚ್ಚಿದ ಮೇಲೆ ಪುಸ್ತಕ ಎರಡು ದಿನ ಪ್ರೆಸ್ಸಿನಲ್ಲಿತ್ತು. ಅದಕ್ಕೆ ಮೊದಲು ನೆನೆದಿದ್ರೆ ಆ ಸುಕ್ಕು ಉಳೀತಿತ್ತಾ ಯಜಮಾನ್ರೇ?"

"ಸಾಧ್ಯವೇ ಇಲ್ಲ," ಅಂದರು ಯಜಮಾನರು, ಅಂದ ಮೇಲೆ ಆ ಮಾತು ಎಲ್ಲಿಗೆ ಹೋಗುತ್ತದೆಂದು ಹೊಳೆದು ಮುಖ ಬಿಳಿಚಿಕೊಂಡರು.

"ಅಂದ್ರೆ ಪ್ರೆಸ್ಸಿನಿಂದ ತೆಗೆದ ಮೇಲೆ ನೆನೆದಿದೆ. ತೆಗೆದ ತಕ್ಷಣ ಎಲ್ಲರೆದುರು ಕಾಗದ ಸುತ್ತಿ ಕಟ್ಟಿದ್ರಿ. ಪೊಟ್ಟಣ ಯಾರ ಕೈಗೆ ಹೋಯ್ತು? ಕಟ್ಟಿದ ಗಂಟು ಬಿಚ್ಚೋಕೂ ಬರುತ್ತೆ, ಮತ್ತೆ ಕಟ್ಟೋಕೂ ಬರುತ್ತೆ. ಅಲ್ವಾ ಸರ್?"

ಗ್ರಂಥಪಾಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಮ್ಮನಿಗೆ ಅವರ ಮುಖ ನೋಡಲಾಗಲಿಲ್ಲ; ಎಷ್ಟೋ ಬಾರಿ ಅವರಿಗೆ ಕಾಗದ ಕೊಟ್ಟು ಕೈಮುಗಿದಿದ್ದ.

"ನಕ್ಷೆ ನಮ್ಮ ಮನೇಲಿದೆ," ಅಂದರು ಗ್ರಂಥಪಾಲಕರು. "ಮಾರೋಕಲ್ಲ. ಮುಂದಿನ ತಿಂಗಳು ನನ್ನ ನಿವೃತ್ತಿ. ಮೂವತ್ತು ವರ್ಷ ದಿನಾ ಅದನ್ನ ತೆಗೆದು ನೋಡ್ತಿದ್ದೆ, ಬೇರೆ ಒಬ್ಬರೂ ಕೇಳಿ ಬಂದಿಲ್ಲ. ಬಿಟ್ಟು ಹೋಗೋಕೆ ಆಗಲಿಲ್ಲ. ಹೊಸಬರು ಪ್ರತಿ ಪುಸ್ತಕ ಪರೀಕ್ಷಿಸಿ ವಹಿಸ್ಕೋತಾರೆ. ಅದಕ್ಕೇ ಬೈಂಡಿಂಗಿಗೆ ಹಾಕಿದೆ. ಕಾರ್ಖಾನೇಲಿ ಕಳೀತು ಅಂದ್ರೆ ಯಾರ ತಲೆಗೂ ಬರಲ್ಲ ಅಂದ್ಕೊಂಡೆ."

"ಒಬ್ಬರ ತಲೆಗೆ ಬಂತಲ್ಲ ಸರ್," ಅಂದಳು ಅಕ್ಕ. ಅವಳ ದನಿ ಏರಲಿಲ್ಲ. "ಬಂದ ಮೇಲೂ ಬೆಳಿಗ್ಗೆಯಿಂದ ಆ ಕಿಟಕಿ ಹತ್ರ ಕೂತಿದ್ರಿ. ಆಕೆ ದೇವರನ್ನ ಕರೀತಿದ್ದದ್ದು ನಿಮಗೂ ಕೇಳಿಸ್ತಿತ್ತು. ನಕ್ಷೆಯ ಆಸೆ ನನಗೆ ಅರ್ಥ ಆಗುತ್ತೆ. ಸುಮ್ಮನೆ ಕೂತಿದ್ದು ಅರ್ಥ ಆಗೋದಿಲ್ಲ."

ಅವರು ಎದ್ದು ಹೊಲಿಗೆಯಮ್ಮನ ಮುಂದೆ ನಿಂತು ಕೈಮುಗಿದರು. "ಕ್ಷಮಿಸಿಬಿಡಿ ತಾಯಿ."

ಹೊಲಿಗೆಯಮ್ಮ ಅವರನ್ನು ದಿಟ್ಟಿಸಿ ನೋಡಿದಳು. "ಇವತ್ತು ಆಗಲ್ಲ ಸರ್," ಅಂದಳು. "ಬಾಯಲ್ಲಿ ಹೇಳಬಹುದು, ಮನಸ್ಸಲ್ಲಿ ಬರಬೇಕಲ್ಲ. ನಕ್ಷೆ ತಂದುಕೊಡಿ, ಮತ್ತೆ ಅಂಟಿಸ್ತೀನಿ. ಅದೇನು ತಪ್ಪು ಮಾಡಿದೆ ಪಾಪ."

ಯಜಮಾನರು ಏನೋ ಹೇಳಲು ತಡವರಿಸಿದರು. ನಾಳೆಯಿಂದ ರಜೆ, ಸಂಬಳ, ಗೌರವ ಎಂದೆಲ್ಲ ತೊದಲಿದರು. ಆಕೆ ಕೇಳಿಸಿಕೊಳ್ಳಲಿಲ್ಲ. ಆಕೆಯ ಕಣ್ಣು ಆಗ ಬಾಗಿಲ ಕಡೆ ತಿರುಗಿತ್ತು.

"ಒಳಗೆ ಬಾ," ಅಂದಳು.

ಮಗಳು ಬಂದು ಎದುರಿಗೆ ನಿಂತಳು. ಕ್ಷಮೆ ಕೇಳಲು ಬಾಯಿ ತೆರೆದಳು. ತಾಯಿ ಅವಳ ಕೈ ಎಳೆದು ತನ್ನ ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡಳು.

"ಬೆಳಿಗ್ಗೆಯಿಂದ ಆ ದೇವರ ಹತ್ರ ದೂರು ಹೇಳ್ತಿದ್ದೀನಿ. ಯಜಮಾನರ ಮೇಲಲ್ಲ, ಕಳ್ಳನ ಮೇಲೂ ಅಷ್ಟಿಲ್ಲ. ಹೆಚ್ಚೆಲ್ಲ ನಿನ್ನ ಮೇಲೇ," ಅಂದಳು ಹೊಲಿಗೆಯಮ್ಮ. "ಇರು, ವಾಪಸ್ ತಗೋತೀನಿ."

ಮಗಳ ಕೈ ಬಿಡದೆ, ಅಷ್ಟು ಜನರ ಎದುರಿಗೇ, ಆಕೆ ಕಣ್ಣು ಮುಚ್ಚಿದಳು.